ಮನೆಯ ಕಿಟಕಿಗಳ ಶಾಖ ನಿಯಂತ್ರಣ (ರಾಯಚೂರು ಜಿಲ್ಲೆ)

ಮನೆಯ ಕಿಟಕಿಗಳ ಶಾಖ ನಿಯಂತ್ರಣ ಎಂದರೆ ಕಿಟಕಿಯ ಮೂಲಕ ಮನೆಯೊಳಕ್ಕೆ ಬರುವ ಅಥವಾ ಹೊರಕ್ಕೆ ಹೋಗುವ ಶಾಖವನ್ನು ಹವಾಮಾನಕ್ಕೆ ತಕ್ಕಂತೆ ತಡೆಯುವ ಕ್ರಮಗಳು. ಶೀತ ದೇಶಗಳಲ್ಲಿ ಒಳಗಿನ ಬಿಸಿಯನ್ನು ಉಳಿಸಿಕೊಳ್ಳುವುದು ಇದರ ಗುರಿ. ಕರ್ನಾಟಕದ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳು ಅರೆಶುಷ್ಕ ಬಯಲು ಸೀಮೆಗೆ ಸೇರಿದ್ದು, ಇಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನಲ್ಲಿರುತ್ತದೆ. ಆದುದರಿಂದ ಇಲ್ಲಿ ಕಿಟಕಿಯ ಕೆಲಸ ಬಿಸಿಲನ್ನು ಹೊರಗೇ ನಿಲ್ಲಿಸುವುದು ಮತ್ತು ರಾತ್ರಿಯ ತಂಪು ಗಾಳಿಯನ್ನು ಒಳಗೆ ಬಿಡುವುದು. ಶೀತ ದೇಶಗಳಿಗಾಗಿ ರೂಪುಗೊಂಡ ಸಲಹೆಗಳನ್ನು ಹಾಗೆಯೇ ಅನುಸರಿಸಿದರೆ ಖರ್ಚು ಹೆಚ್ಚಿ ಪ್ರಯೋಜನ ಕಡಿಮೆಯಾಗುತ್ತದೆ.

ಶಾಖ ಹರಿಯುವ ಬಗೆ

ಕಿಟಕಿಯ ಮೂಲಕ ಶಾಖವು ಮುಖ್ಯವಾಗಿ ಮೂರು ಬಗೆಯಲ್ಲಿ ಸಾಗುತ್ತದೆ: ಗಾಜು ಮತ್ತು ಚೌಕಟ್ಟಿನ ಮೂಲಕ ವಹನ, ಸಂದುಗಳ ಮೂಲಕ ಗಾಳಿಯ ಸೋರಿಕೆ, ಹಾಗೂ ಗಾಜನ್ನು ಹಾದುಬರುವ ನೇರ ಬಿಸಿಲು. ಒಂದು ಪದರದ ಸಾಮಾನ್ಯ ಗಾಜಿನಲ್ಲಿ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಪ್ರತಿ ಚದರ ಮೀಟರಿಗೆ ಸುಮಾರು 5.7 ವ್ಯಾಟ್ ಶಾಖ ಹರಿಯುತ್ತದೆ. ನಡುವೆ ಗಾಳಿಯ ಪದರವಿರುವ ಜೋಡಿ ಗಾಜಿನಲ್ಲಿ ಇದು ಸುಮಾರು 2.8 ವ್ಯಾಟ್‌ಗೆ ಇಳಿಯುತ್ತದೆ.

ಹೊರಗೆ ಶೂನ್ಯಕ್ಕಿಂತ 10 ಡಿಗ್ರಿ ಕೆಳಗೆ, ಒಳಗೆ 20 ಡಿಗ್ರಿ ಇರುವ ಊರಿನಲ್ಲಿ ವ್ಯತ್ಯಾಸ 30 ಡಿಗ್ರಿ. ಅಲ್ಲಿ ಜೋಡಿ ಗಾಜು ಹಗಲೂ ರಾತ್ರಿಯೂ ಪ್ರತಿ ಚದರ ಮೀಟರಿಗೆ 87 ವ್ಯಾಟ್‌ನಷ್ಟು ಶಾಖವನ್ನು ಉಳಿಸುತ್ತದೆ. ಸಿಂಧನೂರಿನ ಮೇ ತಿಂಗಳ ಮಧ್ಯಾಹ್ನ ಹೊರಗೆ 42, ಒಳಗೆ 34 ಡಿಗ್ರಿ ಇದೆ ಎಂದುಕೊಂಡರೆ ವ್ಯತ್ಯಾಸ ಕೇವಲ 8 ಡಿಗ್ರಿ, ಉಳಿತಾಯ 23 ವ್ಯಾಟ್. ಅದೇ ವೇಳೆಗೆ ಪಡುವಣ ಗೋಡೆಯ ಕಿಟಕಿಯ ಮೇಲೆ ಪ್ರತಿ ಚದರ ಮೀಟರಿಗೆ 500 ವ್ಯಾಟ್ ಬಿಸಿಲು ಬಿದ್ದರೆ, ತಿಳಿ ಗಾಜು ಅದರಲ್ಲಿ ಶೇ. 80ರಷ್ಟನ್ನು, ಅಂದರೆ ಸುಮಾರು 400 ವ್ಯಾಟನ್ನು ಒಳಗೆ ಬಿಡುತ್ತದೆ. ತಿಳಿ ಗಾಜಿನ ಜೋಡಿ ಪದರವೂ ಶೇ. 70ರಷ್ಟನ್ನು ಬಿಡುತ್ತದೆ. ಈ ಸೀಮೆಯಲ್ಲಿ ನೆರಳಿಗೆ ಮೊದಲ ಸ್ಥಾನ, ದುಬಾರಿ ಗಾಜಿಗೆ ಆಮೇಲಿನ ಸ್ಥಾನ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ದಿನವಿಡೀ ಹವಾನಿಯಂತ್ರಕ ನಡೆಯುವ ಕೋಣೆಗಳಲ್ಲಿ ಜೋಡಿ ಗಾಜಿನ ಲಾಭ ಸ್ವಲ್ಪ ಹೆಚ್ಚು.

ದಿಕ್ಕು ಮತ್ತು ನೆರಳು

ಈ ಮೂರು ಪಟ್ಟಣಗಳೂ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುವುದರಿಂದ ತೆಂಕಣ ಗೋಡೆಗೆ ಆಗ ಮಧ್ಯಾಹ್ನದ ನೇರ ಬಿಸಿಲೇ ಬೀಳುವುದಿಲ್ಲ. ಮಾರ್ಚ್ ಕೊನೆಯ ಭಾಗದಲ್ಲಿ ನಡುಹಗಲಿನ ಸೂರ್ಯ 74 ಡಿಗ್ರಿ ಎತ್ತರದಲ್ಲಿರುತ್ತಾನೆ, 1.2 ಮೀಟರ್ ಎತ್ತರದ ತೆಂಕಣ ಕಿಟಕಿಯನ್ನು ಆ ಹೊತ್ತಿನಲ್ಲಿ ಪೂರ್ತಿ ಮರೆಮಾಡಲು ಕಿಟಕಿಯ ಮೇಲಂಚಿನಲ್ಲಿ 35 ಸೆಂ.ಮೀ. ಚಾಚಿದ ಸಜ್ಜಾ ಸಾಕು.

ಪಡುವಣ ಕಿಟಕಿಯ ಸಮಸ್ಯೆ ಬೇರೆ. ಸಂಜೆ ಸೂರ್ಯ 30 ಡಿಗ್ರಿ ಎತ್ತರಕ್ಕೆ ಇಳಿದು ಎದುರಿಗೆ ನಿಂತಾಗ 60 ಸೆಂ.ಮೀ. ಸಜ್ಜಾದ ನೆರಳು ಕಿಟಕಿಯ ಮೇಲಿನ 35 ಸೆಂ.ಮೀ. ಭಾಗಕ್ಕೆ ಮಾತ್ರ ತಲುಪುತ್ತದೆ. ಆದರೂ ನಾಲ್ಕೂ ಗೋಡೆಗಳಿಗೆ ಒಂದೇ ಅಳತೆಯ ಸಜ್ಜಾ ಹಾಕುವ ರೂಢಿ ಬಹಳ ಕಡೆ ಇದೆ. ಪಡುವಣಕ್ಕೆ ಬೇಕಾದುದು ಲಂಬವಾದ ಮರೆ: ಹೊರಗೆ ಇಳಿಬಿಟ್ಟ ಬಿದಿರಿನ ತಟ್ಟಿ, ಮರದ ಕದ, ಜಾಲಿ ಅಥವಾ ಬೇವು, ಹೊಂಗೆಯಂತಹ ಮರ. ಮರೆ ಗಾಜಿನ ಹೊರಗಿರಬೇಕು. ಒಳಗಿನ ಪರದೆ ಬೆಳಕನ್ನು ತಡೆದರೂ ಗಾಜನ್ನು ದಾಟಿ ಬಂದ ಶಾಖದ ಬಹುಪಾಲು ಕೋಣೆಯಲ್ಲಿಯೇ ಉಳಿಯುತ್ತದೆ.

ಹಳೆಯ ಮನೆಗಳು

ಈ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಕಲ್ಲು–ಮಣ್ಣಿನ ದಪ್ಪ ಗೋಡೆ, ಮಣ್ಣು ಮುಚ್ಚಿದ ಛಾವಣಿ, ಸಣ್ಣ ಕಿಟಕಿಗಳು ಹಾಗೂ ಛಾವಣಿಯಲ್ಲಿ ಬೆಳಕಿಂಡಿ ಇರುತ್ತವೆ. ಗಾಜಿಲ್ಲದ ಮರದ ಕದಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯಲಾಗುತ್ತದೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ನಿಧಾನವಾಗಿ ಹೀರುತ್ತದೆ. ಬಿಸಿ ಗಾಳಿ ಮೇಲಕ್ಕೇರಿ ಬೆಳಕಿಂಡಿಯಿಂದ ಹೊರಬೀಳುತ್ತದೆ. ಇಂತಹ ಮನೆಗಳಲ್ಲಿ ಹಗಲಿನ ಬೆಳಕು ಕಡಿಮೆ, ಅಡುಗೆಮನೆಯ ಹೊಗೆ ನಿಲ್ಲುವುದೂ ಉಂಟು ಎಂಬುದನ್ನು ಮರೆಯಬಾರದು. ಕಾಂಕ್ರೀಟ್ ಛಾವಣಿಯ ಒಂದೇ ಅಂತಸ್ತಿನ ಹೊಸ ಮನೆಗಳಲ್ಲಿ ಕಿಟಕಿಗಿಂತ ಛಾವಣಿಯಿಂದಲೇ ಹೆಚ್ಚು ಶಾಖ ಇಳಿಯಬಹುದು. ಅಲ್ಲಿ ಕಿಟಕಿಯನ್ನಷ್ಟೇ ಸರಿಪಡಿಸಿದರೆ ಸಾಲದು.

ಸಂಹಿತೆ

ಕೇಂದ್ರ ಇಂಧನ ಸಚಿವಾಲಯವು 2018ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ 'ಇಕೋ ನಿವಾಸ್ ಸಂಹಿತಾ' ವಾಸದ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆಯಾಗಿದೆ. ಶೀತ ವಲಯಕ್ಕೆ ಅದು ಗೋಡೆ–ಕಿಟಕಿಗಳ ಶಾಖ ವಹನದ ಮಿತಿಯನ್ನಷ್ಟೇ ವಿಧಿಸುತ್ತದೆ. ಉಳಿದ ವಲಯಗಳಲ್ಲಿ ಬಿಸಿಲಿನ ಪಾಲನ್ನೂ ಸೇರಿಸಿ, ಗೋಡೆ–ಕಿಟಕಿಗಳಿಂದ ಒಳಬರುವ ಶಾಖ ಸರಾಸರಿ ಪ್ರತಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎನ್ನುತ್ತದೆ. ಬಿಸಿ–ಒಣ ವಲಯದಲ್ಲಿ ತೆರೆಯಬಲ್ಲ ಭಾಗವು ನೆಲದ ವಿಸ್ತೀರ್ಣದ ಕನಿಷ್ಠ ಶೇ. 10 ಇರಬೇಕು. ಎರಡು ಹಲಗೆಯ ಜಾರು ಕಿಟಕಿ ಅರ್ಧ ಮಾತ್ರ ತೆರೆಯುವುದರಿಂದ ಕೀಲು ಕದಕ್ಕಿಂತ ಹಿಂದುಳಿಯುತ್ತದೆ. ಸಂಹಿತೆ ಅನ್ವಯಿಸುವುದು 500 ಚದರ ಮೀಟರ್ ಅಥವಾ ಹೆಚ್ಚಿನ ನಿವೇಶನಗಳಿಗೆ. 30×40 ಅಡಿಯ ನಿವೇಶನ ಸುಮಾರು 111 ಚದರ ಮೀಟರ್ ಆಗುವುದರಿಂದ ಪಟ್ಟಣಗಳ ಸಾಮಾನ್ಯ ಮನೆಗಳು ಇದರ ಹೊರಗೇ ಉಳಿಯುತ್ತವೆ.

ಬಳಕೆ

ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಕಿಟಕಿ ಮುಚ್ಚಿ, ಹೊರಗಿನ ಗಾಳಿ ಒಳಗಿಗಿಂತ ತಂಪಾದ ಮೇಲೆ ಎದುರುಬದುರು ಕಿಟಕಿಗಳನ್ನು ತೆರೆಯುವುದು ಉಪಯುಕ್ತ. ನೀರಿನ ಏರ್‌ಕೂಲರ್ ಇದ್ದಲ್ಲಿ ಈ ನಿಯಮ ಬದಲಾಗುತ್ತದೆ: ಕೂಲರನ್ನು ಹೊರಗಿನ ಗಾಳಿ ಎಳೆಯುವಂತೆ ಒಂದು ಕಿಟಕಿಗೆ ಇರಿಸಿ, ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ಇಲ್ಲದಿದ್ದರೆ ತೇವ ಒಳಗೇ ಸೇರಿ ಸೆಕೆ ಹೆಚ್ಚುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಭಾಗದಲ್ಲಿ ಸೊಳ್ಳೆಯ ಕಾಟದಿಂದಾಗಿ ರಾತ್ರಿ ಕಿಟಕಿ ತೆರೆಯುವುದೇ ಕಷ್ಟ. ಸೊಳ್ಳೆ ಪರದೆ ಬಿಗಿದರೆ ಗಾಳಿಯ ಹರಿವು ತಗ್ಗುತ್ತದೆ. ಆದುದರಿಂದ ಪರದೆ ಹಾಕುವ ಕಿಟಕಿಯನ್ನು ಸ್ವಲ್ಪ ದೊಡ್ಡದಾಗಿಯೇ ಇರಿಸಿ, ಅದಕ್ಕೆ ತಕ್ಕ ನೆರಳು ಒದಗಿಸಬೇಕಾಗುತ್ತದೆ.