ಬಿಗಿದರೆ ಮೂಕ, ಬಿಟ್ಟರೆ ನಾದ

ಗಣೇಶೋತ್ಸವದ ರಸಮಂಜರಿ ಕಾರ್ಯಕ್ರಮ ಶುರುವಾಗುವ ಮುನ್ನ ಡ್ರಮ್ ವಾದಕ ತನ್ನ ವಾದ್ಯಗಳನ್ನು ಜೋಡಿಸುವುದನ್ನು ಗಮನಿಸಿ. ಡ್ರಮ್ಮುಗಳ ಕಾಲುಗಳನ್ನು, ಸ್ಟ್ಯಾಂಡುಗಳ ಕೀಲುಗಳನ್ನು ಆತ ಶಕ್ತಿ ಹಾಕಿ ಬಿಗಿಯುತ್ತಾನೆ. ಆದರೆ ಸ್ಟ್ಯಾಂಡಿನ ತುದಿಗೆ ಕಂಚಿನ ಸಿಂಬಲ್ ಏರಿಸಿ ಅದರ ಮೇಲಿನ ನಟ್ಟು ತಿರುಗಿಸುವಾಗ ಮಾತ್ರ ಅವನ ಕೈ ಹಗುರಾಗುತ್ತದೆ. ಎರಡು ಬೆರಳಿನಲ್ಲಿ ಒಂದೆರಡು ಸುತ್ತು, ಅಷ್ಟೆ. ಆಮೇಲೆ ತಟ್ಟೆಯ ಅಂಚನ್ನು ಒಮ್ಮೆ ಕೆಳಕ್ಕೆ ಒತ್ತಿ ಬಿಡುತ್ತಾನೆ. ಅದು ತೂಗಾಡಿದರೆ ಅವನಿಗೆ ಸಮಾಧಾನ.

ಸಿಂಬಲ್ ಬೀಳಬಾರದು, ಹಾಗೆಂದು ಅಲುಗದಂತೆ ಕೂರಲೂಬಾರದು. ನೋಡಲು ಸಣ್ಣದಾದ ಈ ಹದದ ಹಿಂದೆ ಎರಡು ಶತಮಾನಕ್ಕೂ ಹೆಚ್ಚಿನ ಚರಿತ್ರೆಯಿದೆ.

ತುರ್ಕಿಯಿಂದ ಬಂದ ತಟ್ಟೆ

ಇಂದಿನ ಡ್ರಮ್ ಸೆಟ್ಟಿನ ಸಿಂಬಲ್ ಆಟೊಮನ್ ತುರ್ಕರ ಸೇನಾ ವಾದ್ಯಮೇಳದಿಂದ ಬಂದದ್ದು. 'ಮೆಹ್ತೆರ್' ಎಂಬ ಆ ಮೇಳದಲ್ಲಿ ಭಾರಿ ಡ್ರಮ್ಮುಗಳ ಜತೆಗೆ ಕಂಚಿನ ತಾಳಗಳೂ ಇದ್ದವು. ತುರ್ಕಿ ಭಾಷೆಯಲ್ಲಿ ಈ ತಾಳಕ್ಕೆ 'ಝಿಲ್' ಎಂದು ಹೆಸರು. ಇವತ್ತಿಗೂ ಸಿಂಬಲ್ ತಯಾರಿಕೆಯಲ್ಲಿ ದೊಡ್ಡ ಹೆಸರಾದ ಝಿಲ್ಜಿಯನ್ ಮನೆತನದ ಹೆಸರಿನಲ್ಲಿ ಅಡಗಿರುವುದು ಇದೇ ಪದ. ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, ಅವೆದಿಸ್ ಎಂಬ ಅರ್ಮೇನಿಯನ್ ಲೋಹವಿದ್ಯಾ ನಿಪುಣ 1618ರಲ್ಲಿ ಈ ಮಿಶ್ರಲೋಹದ ಗುಟ್ಟು ಕಂಡುಕೊಂಡ, 1623ರಲ್ಲಿ ಸ್ವಂತ ಕಾರ್ಖಾನೆ ತೆರೆದ ಎಂಬುದು ಆ ಕಂಪನಿ ಹೇಳಿಕೊಳ್ಳುವ ಚರಿತ್ರೆ. ಸುಮಾರು ಶೇ 80 ತಾಮ್ರ, ಶೇ 20 ತವರ. ಒಳ್ಳೆಯ ಸಿಂಬಲ್ಲುಗಳ ಪಾಕ ಈಗಲೂ ಬಹುಮಟ್ಟಿಗೆ ಇದೇ.

18ನೇ ಶತಮಾನದಲ್ಲಿ ಯೂರೋಪಿನ ಸೇನೆಗಳು ತುರ್ಕರ ಮೇಳವನ್ನು ಅನುಕರಿಸಿದವು. ಸೇನೆಗಳ ಹಿಂದೆಯೇ ಸಂಗೀತಗಾರರೂ ಬಂದರು. ಗ್ಲುಕ್ 1779ರಲ್ಲಿ, ಮೊಝಾರ್ಟ್ 1782ರಲ್ಲಿ ತಮ್ಮ ಒಪೆರಾಗಳಿಗೆ ಸಿಂಬಲ್ ಬಳಸಿಕೊಂಡರು. 1794ರಲ್ಲಿ ಹೈಡನ್‌ನ 'ಮಿಲಿಟರಿ' ಸಿಂಫನಿಯಲ್ಲಿ ಅದರ ಸದ್ದು ಲಂಡನ್ ಶ್ರೋತೃಗಳನ್ನು ಬೆಚ್ಚಿಬೀಳಿಸಿತು.

ಆಗೆಲ್ಲ ಸಿಂಬಲ್ ಎಂದರೆ ಒಂದು ಜೋಡಿ. ನಡುವಿನ ಉಬ್ಬಿನಲ್ಲಿರುವ ತೂತಿನಿಂದ ಚರ್ಮದ ಪಟ್ಟಿ ತೂರಿಸಿ, ಒಳಗೆ ಗಂಟು ಹಾಕಿ, ಎರಡು ಕೈಗಳಲ್ಲಿ ಹಿಡಿದು ಬಡಿಯುತ್ತಿದ್ದರು. ಮೈಸೂರು ದಸರೆಯ ಮೆರವಣಿಗೆಯಲ್ಲಿ ಸಾಗುವ ಪೊಲೀಸ್ ಬ್ಯಾಂಡಿನಲ್ಲಿ ಕಾಣುವುದು ಈ ಬಗೆಯ ಜೋಡಿಯೇ. ಭಜನೆಯ ತಾಳಕ್ಕೂ ಯಕ್ಷಗಾನ ಭಾಗವತರ ತಾಳಕ್ಕೂ ನಡುವೆ ದಾರವಿದೆ. ಚರ್ಮವಾಗಲಿ ದಾರವಾಗಲಿ ಲೋಹವನ್ನು ಅದುಮುವುದಿಲ್ಲ, ತೂಗುಬಿಡುತ್ತದೆ. ಆದ್ದರಿಂದಲೇ ಬಡಿದ ಮೇಲೂ ತಾಳ ಮೊಳಗುತ್ತಿರುತ್ತದೆ.

ಒಬ್ಬನ ಸಂಬಳ ಉಳಿಸಲು

ತೊಂದರೆ ಶುರುವಾದದ್ದು ಸಿಂಬಲ್ಲನ್ನು ಕೈಯಿಂದ ಬಿಡಿಸಿ ಇನ್ನೊಂದಕ್ಕೆ ಬಿಗಿದಾಗ. ಇದರ ಹಿಂದೆ ಇದ್ದದ್ದು ಖರ್ಚಿನ ಲೆಕ್ಕ. ದೊಡ್ಡ ಡ್ರಮ್ಮಿಗೆ ಒಬ್ಬ, ಸಿಂಬಲ್ಲಿಗೆ ಇನ್ನೊಬ್ಬ ಏಕೆ? ಒಂದು ಸಿಂಬಲ್ಲನ್ನು ಡ್ರಮ್ಮಿನ ಮೇಲೆಯೇ ಕೂರಿಸಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಡ್ರಮ್ ಬಾರಿಸಿದರೆ ಒಬ್ಬನ ಸಂಬಳ ಉಳಿಯುತ್ತದೆ. ಯೂರೋಪಿನ ಎಷ್ಟೋ ಬ್ಯಾಂಡುಗಳು ಹೀಗೆಯೇ ಮಾಡಿದವು.

ಫ್ರಾನ್ಸಿನ ಸಂಗೀತಕಾರ ಬೆರ್ಲಿಯೋಝ್‌ಗೆ ಇದು ಸಹಿಸಲಾಗದ ಸಂಗತಿಯಾಗಿತ್ತು. 1840ರ ದಶಕದಲ್ಲಿ ವಾದ್ಯಗಳ ಬಳಕೆ ಕುರಿತು ಬರೆದ ಗ್ರಂಥದಲ್ಲಿ ಆತ ಈ ಜಿಪುಣತನವನ್ನು ಖಂಡಿಸಿದ. ಡ್ರಮ್ಮಿಗೆ ಕಟ್ಟಿದ ಸಿಂಬಲ್ ತನ್ನ ನಾದವನ್ನೇ ಕಳೆದುಕೊಳ್ಳುತ್ತದೆ, ಅದು ಜಾತ್ರೆಯ ಕುಣಿತಕ್ಕೆ ಸರಿ ಎಂಬುದು ಆತನ ದೂರು. ಅರ್ಧ ಶತಮಾನದ ಬಳಿಕ, 1889ರಲ್ಲಿ ಮೊದಲು ಪ್ರದರ್ಶನಗೊಂಡ ತನ್ನ ಮೊದಲ ಸಿಂಫನಿಯಲ್ಲಿ ಮಾಹ್ಲರ್ ಬೀದಿ ಬ್ಯಾಂಡಿನ ಒರಟು ಸದ್ದು ಬೇಕೆಂದೇ ಡ್ರಮ್ಮಿಗೆ ಕಟ್ಟಿದ ಸಿಂಬಲ್ಲನ್ನು ಬಳಸಿಕೊಂಡ. ಕುಗ್ಗಿದ ನಾದ ಯಾವ ಬಗೆಯದೆಂದು ಇಬ್ಬರಿಗೂ ಗೊತ್ತಿತ್ತು.

ಅಮೆರಿಕದ ನಾಟಕಶಾಲೆಗಳಲ್ಲಿ, ಕುಣಿತದ ಅಂಗಳಗಳಲ್ಲಿ ಇದೇ ಉಳಿತಾಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜಾಗ ಕಡಿಮೆ, ಹಣವೂ ಕಡಿಮೆ. ಒಬ್ಬನೇ ಕುಳಿತು ಎಲ್ಲ ತಾಳವಾದ್ಯಗಳನ್ನೂ ಬಾರಿಸಬೇಕಾಯಿತು. 1909ರಲ್ಲಿ ಷಿಕಾಗೋದ ವಿಲಿಯಂ ಲುಡ್ವಿಗ್ ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಚುರುಕಾದ ಪೆಡಲ್ ತಯಾರಿಸಿದ. ಆ ಕಾಲದ ಪೆಡಲ್ಲುಗಳ ಜತೆಗೆ ಒಂದು ಲೋಹದ ಕಡ್ಡಿಯೂ ಇರುತ್ತಿತ್ತು. ಡ್ರಮ್ಮಿನ ಬಳೆಗೆ ಸ್ಕ್ರೂ ಹಾಕಿ ಕೂರಿಸಿದ ಪುಟ್ಟ ಸಿಂಬಲ್ಲಿಗೆ ಅದು ಅದೇ ಗಳಿಗೆಯಲ್ಲಿ ಬಡಿಯುತ್ತಿತ್ತು. ಲಯಕ್ಕೆ ಸಾಕು, ನಾದಕ್ಕೆ ಸಾಲದು.

ಆಮೇಲೆ ವಾದಕರು ಕೊಕ್ಕೆಯಂತೆ ಬಾಗಿದ ಸಲಾಕೆಯೊಂದನ್ನು ಡ್ರಮ್ಮಿಗೆ ಸಿಕ್ಕಿಸಿ, ಅದರಿಂದ ಸಿಂಬಲ್ಲನ್ನು ಪಟ್ಟಿಯಲ್ಲಿ ಇಳಿಬಿಟ್ಟರು. ನಾದ ಮರಳಿ ಬಂತು. ಆದರೆ ಪ್ರತಿ ಏಟಿಗೂ ತಟ್ಟೆ ಗಿರಗಿರನೆ ಹೊಯ್ದಾಡುತ್ತಿತ್ತು. ಮುಂದಿನ ಏಟು ಎಲ್ಲಿ ಬೀಳುವುದೋ ಎಂಬ ಭರವಸೆಯಿಲ್ಲ. ಕೊನೆಗೆ ಉಳಿದ ದಾರಿಯೆಂದರೆ ತಟ್ಟೆಯನ್ನು ನೆಟ್ಟಗೆ ನಿಂತ ಸಲಾಕೆಯ ಮೇಲೆ ಕೂರಿಸುವುದು, ಆದರೆ ಹಿಡಿಯದೇ ಕೂರಿಸುವುದು.

ನೆಲದಿಂದ ಮೇಲಕ್ಕೆ

1920ರ ದಶಕದಲ್ಲಿ ಕಾಲಿನಿಂದ ಒತ್ತಿದರೆ ಒಂದಕ್ಕೊಂದು ಬಡಿಯುವ ಜೋಡಿ ಸಿಂಬಲ್ ಬಂತು. ಮೊದಲು ಅದು ನೆಲದಿಂದ ಒಂದಡಿಯಷ್ಟು ಎತ್ತರದಲ್ಲಿತ್ತು. ಆ ದಶಕ ಮುಗಿಯುವ ಮುನ್ನ ಉದ್ದನೆಯ ಕೊಳವೆ ಸೇರಿಕೊಂಡು ಕೋಲಿಗೆ ಸಿಗುವಷ್ಟು ಮೇಲೇರಿತು. ಇದೇ 'ಹೈ-ಹ್ಯಾಟ್'. ಇಲ್ಲಿ ಕೆಳಗಿನ ತಟ್ಟೆ ಫೆಲ್ಟ್ ಹಾಸಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಮೇಲಿನದನ್ನು ಹಿಡಿಯುವುದು 'ಕ್ಲಚ್'. ಕ್ಲಚ್ ನಡುವಿನ ಸಲಾಕೆಯನ್ನು ಗಟ್ಟಿಯಾಗಿ ಕಚ್ಚಬೇಕು, ಸಿಂಬಲ್ಲನ್ನು ಮಾತ್ರ ಎರಡು ಫೆಲ್ಟುಗಳ ನಡುವೆ ಸಡಿಲವಾಗಿ ಬಿಡಬೇಕು.

ಝಿಲ್ಜಿಯನ್ ಮನೆತನದ ಇನ್ನೊಬ್ಬ ಅವೆದಿಸ್ 1929ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ ಕಾರ್ಖಾನೆ ತೆರೆದ. ಜೀನ್ ಕ್ರುಪಾನಂಥ ಜಾಝ್ ವಾದಕರ ಒತ್ತಾಯದಿಂದ ಅಲ್ಲಿ ತೆಳುವಾದ ಸಿಂಬಲ್ಲುಗಳು ತಯಾರಾದವು. ತಟ್ಟೆ ತೆಳುವಾದಷ್ಟೂ ಹಿಡಿತದ ತಪ್ಪು ಬೇಗ ಗೊತ್ತಾಗುತ್ತದೆ. 1940ರ ಸುಮಾರಿಗೆ ನ್ಯೂಯಾರ್ಕಿನ ಕೆನ್ನಿ ಕ್ಲಾರ್ಕ್ ಹಾಡಿನ ನಡಿಗೆಯನ್ನು ದೊಡ್ಡ ಡ್ರಮ್ಮಿನಿಂದ ಬಿಡಿಸಿ ಮೇಲಿನ ಸಿಂಬಲ್ಲಿಗೆ ಒಪ್ಪಿಸಿದ. ಅಲ್ಲಿಯವರೆಗೆ ಅಲಂಕಾರವಾಗಿದ್ದ ತಟ್ಟೆ ಲಯದ ಯಜಮಾನನಾಯಿತು.

ಸಿಂಬಲ್ ಸ್ಟ್ಯಾಂಡಿನಿಂದ ಕಳಚಿದ್ದಕ್ಕೂ ಜಾಝ್ ಚರಿತ್ರೆಯಲ್ಲಿ ಒಂದು ಹೆಸರಾಂತ ಕಥೆಯಿದೆ. 1936ರಲ್ಲಿ ಕ್ಯಾನ್ಸಸ್ ಸಿಟಿಯ ರೆನೋ ಕ್ಲಬ್ಬಿನಲ್ಲಿ ಹದಿಹರೆಯದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ನುಡಿಸುತ್ತ ದಾರಿ ತಪ್ಪಿದ. ಡ್ರಮ್ ವಾದಕ ಜೋ ಜೋನ್ಸ್ ಸಿಂಬಲ್ ಒಂದನ್ನು ಕಳಚಿ ಅವನ ಕಾಲ ಬಳಿ ಎಸೆದ. ಆ ಸದ್ದಿಗೆ ಸಭೆ ನಕ್ಕಿತು, ಹುಡುಗ ತಲೆತಗ್ಗಿಸಿ ಹೊರನಡೆದ. ಮರುವರ್ಷ ಹಠ ಹಿಡಿದು ಅಭ್ಯಾಸ ಮಾಡಿದ ಅವನು ಮುಂದೆ ಜಾಝ್‌ನ ದಿಕ್ಕನ್ನೇ ಬದಲಿಸಿದ. ಈ ಪ್ರಸಂಗವನ್ನು ಹೇಳಿದವನು ಬಾಸ್ ವಾದಕ ಜೀನ್ ರೇಮಿ. 2014ರ 'ವಿಪ್ಲಾಶ್' ಚಿತ್ರದಲ್ಲಿ ಆ ಸಿಂಬಲ್ ತಲೆಯತ್ತಲೇ ಹಾರಿಬಿಡುತ್ತದೆ! ರೇಮಿಯ ಮಾತಿನಲ್ಲಿ ಅದು ಬಿದ್ದದ್ದು ಕಾಲ ಬಳಿ.

ಕಂಚಿಗೂ ಉಕ್ಕಿಗೂ ನಡುವೆ

ಇಂದಿನ ಸ್ಟ್ಯಾಂಡಿನ ತುದಿಯ ಏರ್ಪಾಡು ಸರಳ. ಓರೆ ಮಾಡಬಹುದಾದ ಉಕ್ಕಿನ ಸಲಾಕೆ. ಅದರ ಬುಡದಲ್ಲಿ ಲೋಹದ ವಾಷರ್. ಸಲಾಕೆಯ ಸುತ್ತ ನೈಲಾನ್ ಅಥವಾ ರಬ್ಬರ್ ಕೊಳವೆ. ವಾಷರಿನ ಮೇಲೆ ಉಣ್ಣೆಯನ್ನು ಒತ್ತಿ ಮಾಡಿದ ಬಿಲ್ಲೆ, ಅಂದರೆ ಫೆಲ್ಟ್. ಅದರ ಮೇಲೆ ಸಿಂಬಲ್, ಮತ್ತೊಂದು ಫೆಲ್ಟ್, ಕೊನೆಗೆ ಎರಡು ಕಿವಿಯ ವಿಂಗ್ ನಟ್ಟು. ಎಲ್ಲಿಯೂ ಕಂಚು ಉಕ್ಕನ್ನು ಮುಟ್ಟುವುದಿಲ್ಲ. ಹಳೆಯ ತಾಳದ ದಾರ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಎರಡು ಉಣ್ಣೆ ಬಿಲ್ಲೆಗಳು, ಒಂದು ಕೊಳವೆ ಹಂಚಿಕೊಂಡಿವೆ.

ತಟ್ಟೆಯನ್ನು ನಡುವೆಯೇ ಹಿಡಿಯುವುದಕ್ಕೂ ಕಾರಣವಿದೆ. ಬಡಿದಾಗ ಅಂಚು ಹೆಚ್ಚು ಕಂಪಿಸುತ್ತದೆ, ನಡುವಿನ ಉಬ್ಬು ಕಡಿಮೆ. ಹಾಗೆಂದು ಅಲ್ಲಿಯೂ ನಟ್ಟನ್ನು ಅದುಮಿ ಬಿಗಿದರೆ ತಟ್ಟೆ ಏಟಿಗೆ ಬಾಗಿಕೊಡಲಾರದು. ನಾದ ಮೊಟಕಾಗುತ್ತದೆ. ಕೋಲಿನ ಪೆಟ್ಟೆಲ್ಲ ಲೋಹದೊಳಗೇ ಉಳಿದು ಒಂದು ದಿನ ಅಂಚಿನಲ್ಲಿ ಕೂದಲೆಳೆಯಂಥ ಸೀಳು ಕಾಣಿಸುತ್ತದೆ. ಕೊಳವೆ ಸವೆದು ಬಿದ್ದುಹೋಗಿದ್ದರೆ ಕೇಡು ಇನ್ನೊಂದು ಬಗೆಯದು. ಉಕ್ಕಿನ ಸಲಾಕೆಯ ಮರೆಗಳು ಅರದಂತೆ ಕೆಲಸ ಮಾಡಿ ದುಂಡನೆಯ ತೂತನ್ನು ಬೀಗದ ಕೈ ತೂತಿನಂತೆ ಒಂದು ಕಡೆಗೆ ಕೊರೆಯುತ್ತವೆ. ಸೀಳು ಅಲ್ಲಿಂದಲೂ ಹೊರಡಬಹುದು.

1960ರ ದಶಕದ ನಂತರ ರಾಕ್ ಸಂಗೀತದ ಅಬ್ಬರಕ್ಕೆ ಕೋಲುಗಳು ದಪ್ಪಗಾದವು, ಸ್ಟ್ಯಾಂಡುಗಳಿಗೆ ಜೋಡಿ ಪಟ್ಟಿಯ ಕಾಲುಗಳು ಬಂದವು, ಉದ್ದ ತೋಳಿನ ಸ್ಟ್ಯಾಂಡುಗಳು ಹುಟ್ಟಿಕೊಂಡವು. ತಿರುಗಿಸುವ ಗೋಜಿಲ್ಲದೆ ಒತ್ತಿ ಕೂರಿಸುವ ನಟ್ಟುಗಳೂ ಈಗ ಸಿಗುತ್ತವೆ. ಬುಡ ಇಷ್ಟೆಲ್ಲ ಭಾರವಾದರೂ ತುದಿಯ ನಿಯಮ ಬದಲಾಗಿಲ್ಲ.

ನಿಯಮ ಮೀರಿದರೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ಸೀಳಿದ ಸಿಂಬಲ್ಲನ್ನು ಬೆಸುಗೆ ಹಾಕಿ ಉಳಿಸಲಾಗದು. ಬೆಂಕಿಯ ಕಾವಿಗೆ ಕಂಚಿನ ಹದವೇ ಕೆಟ್ಟು ನಾದ ಹೋಗುತ್ತದೆ. ಸೀಳು ಹರಡದಂತೆ ಅದರ ಕೊನೆಯಲ್ಲಿ ತೂತು ಕೊರೆಯಬಹುದು, ಇಲ್ಲವೇ ಆ ಭಾಗವನ್ನೇ ಕತ್ತರಿಸಿ ತೆಗೆಯಬಹುದು. ಹಳೆಯ ಸ್ವರ ಪೂರ್ತಿ ಮರಳುವುದಿಲ್ಲ. ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ದುಡಿಯುವ ವಾದಕನಿಗೆ ಇನ್ನೊಂದು ಸಿಂಬಲ್ ಕೊಳ್ಳುವುದು ಹೊರೆಯ ಮಾತು. ಅದನ್ನು ಕಾಯುವುದು ಬಿಡಿಗಾಸಿನ ಫೆಲ್ಟು, ಬೆರಳುದ್ದದ ಕೊಳವೆ. ಕೊಳವೆ ಕಳೆದುಹೋದಾಗ ರಬ್ಬರ್ ಪೈಪಿನ ತುಂಡು ಕತ್ತರಿಸಿ ಹಾಕಿಕೊಂಡ ವಾದಕರು ಎಲ್ಲ ದೇಶಗಳಲ್ಲೂ ಇದ್ದಾರೆ.

ರಸಮಂಜರಿಯ ವೇದಿಕೆಯಲ್ಲಿ ಆ ವಾದಕ ಎರಡು ಬೆರಳಿನಿಂದ ನಟ್ಟು ತಿರುಗಿಸಿ, ಅಂಚನ್ನು ಒತ್ತಿ ತೂಗಿಸಿ ನೋಡುವುದು ಇದಕ್ಕಾಗಿಯೇ. ಬೆರ್ಲಿಯೋಝ್‌ನ ದೂರು ಅವನ ಕಿವಿಗೆ ಬಿದ್ದಿರಲಿಕ್ಕಿಲ್ಲ. ಆದರೆ ಅವನ ಬೆರಳುಗಳಿಗೆ ಅದು ಗೊತ್ತಿದೆ.