ಕಾಕಾನ ಅಂಗಡಿ, ಕಾರ್ಬನ್ ಫ್ರೇಮು ಮತ್ತು ಒಂದು ಕಿಟಕಿಟ ಸದ್ದು

ಇಲ್ಲಿ ಬರೆದು ನಾಲ್ಕು ತಿಂಗಳ ಮೇಲಾಯ್ತು. ಕೆಲಸ, ರಿಲೀಸು, ಮತ್ತೆ ಕೆಲಸ... ನಿಮಗೂ ಗೊತ್ತಿರೋ ಕತೆಯೇ, ಬಿಡಿ. ಈ ಸಲ ದೀಪಾವಳಿಗೆ ಇಳಕಲ್‌ಗೆ ಹೋಗುವಾಗ ಬಸ್ಸಿನ ಡಿಕ್ಕಿಯಲ್ಲಿ ನನ್ನ ರೋಡ್ ಸೈಕಲ್ಲನ್ನೂ ಮಲಗಿಸಿಕೊಂಡು ಹೋಗಿದ್ದೆ. ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲು ದಾಟಿ ಬಾದಾಮಿವರೆಗೆ ಒಂದು ಸವಾರಿ ಮಾಡಬೇಕು ಅನ್ನೋದು ಹಳೇ ಆಸೆ. ಮಾಡಿದೆ. ಅಮೀನಗಡದಲ್ಲಿ ಕರದಂಟೂ ತಿಂದೆ. ಆದರೆ ದಾರಿಯುದ್ದಕ್ಕೂ ಪೆಡಲ್ ತುಳಿದಾಗಲೆಲ್ಲ ಕೆಳಗಿನಿಂದ ಕಿಟ್... ಕಿಟ್... ಕಿಟ್. ಎರಡು ವರ್ಷದಿಂದ ಇದೇ ಹಾಡು.

ಮರುದಿನ ಸೈಕಲ್ಲನ್ನು ಕಾಕಾನ ಅಂಗಡಿಗೆ ತಗೊಂಡು ಹೋದೆ. ನಮ್ಮ ಕಾಕಾ ನಲವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡೋರು.

"ಎಷ್ಟ್ ಬಿತ್ತೋ ತಮ್ಮಾ ಇದಕ್ಕ?"

ನಿಜವಾದ ರೇಟಿನ ಅರ್ಧ ಹೇಳಿದೆ :-)

"ಇಷ್ಟ್ ರೊಕ್ಕಾ ಕೊಟ್ಟ ಮ್ಯಾಲೂ ಒದರತೈತಲ್ಲೋ ಇದು!"

ಪೆಡಲ್‌ಗಳ ನಡುವಿನ ಅಚ್ಚು ಕೂರುವ ಜಾಗಕ್ಕೆ ಬಾಟಮ್ ಬ್ರಾಕೆಟ್ ಅಂತಾರೆ. ಅದರ ಬೇರಿಂಗ್ ತೆಗೆದು ವರ್ನಿಯರ್ ಹಚ್ಚಿ ಅಳೆದೆವು. ದುಂಡಗಿರಬೇಕಾದ ತೂತು ದುಂಡಗಿರಲಿಲ್ಲ. ಒಂದು ಕಡೆ ಅಳೆದರೆ ಒಂದು, ಅಡ್ಡ ಅಳೆದರೆ ಇನ್ನೊಂದು. ವ್ಯತ್ಯಾಸ 0.2 ಮಿ.ಮೀ. ಅಂದರೆ ಎರಡು ಮೂರು ತಲೆಗೂದಲಿನ ದಪ್ಪ. ಅಷ್ಟೇನಾ ಅಂತೀರಾ? ಬೇರಿಂಗನ್ನು ಒತ್ತಿ ಕೂರಿಸುವ ಜಾಗದಲ್ಲಿ ಲೆಕ್ಕ ನಡೆಯೋದು ಮಿಲಿಮೀಟರಿನ ನೂರನೇ ಭಾಗದಲ್ಲಿ. ಮಾರಿದವರಿಗೆ ಹಿಂದೆಯೇ ಎರಡು ಸಲ ಮೇಲ್ ಹಾಕಿದ್ದೆ. "ಎಲ್ಲಾ ಮಿತಿಯೊಳಗೇ ಇದೆ, ಗ್ರೀಸ್ ಹಚ್ಚಿ" ಅಂತ ಉತ್ತರ ಬಂದಿತ್ತು. ಅವರ ಹೆಸರು ಇಲ್ಲಿ ಬೇಡ.

ಬರೀ ಸದ್ದಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ನಾನು ಈ ಫ್ರೇಮನ್ನು ಹುನಗುಂದದ ಕಡೆಯ ಒಬ್ಬ ಹುಡುಗನಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಬಾಗಲಕೋಟೆಯಲ್ಲಿದ್ದುಕೊಂಡು ಸೈಕ್ಲಿಂಗ್ ತರಬೇತಿ ಪಡೀತಿರೋ ಹುಡುಗ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಇಲ್ವೋ, ಕರ್ನಾಟಕದಲ್ಲಿ ಸೈಕಲ್ ರೇಸ್ ಅಂದರೆ ಮೊದಲು ಬರೋ ಹೆಸರು ಬೆಂಗಳೂರಲ್ಲ. ವಿಜಯಪುರ, ಬಾಗಲಕೋಟೆ, ಜಮಖಂಡಿ, ಬೆಳಗಾವಿ ಕಡೆಯ ರೈತರ ಮಕ್ಕಳೇ ರಾಷ್ಟ್ರಮಟ್ಟದಲ್ಲಿ ಮೆಡಲ್ ತರೋರು. ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾಶಾಲೆಯ ಹೆಸರು ಕೇಳಿರಬಹುದು. ಈ ಹುಡುಗರ ಕೈಗೆ ಒಳ್ಳೆ ಫ್ರೇಮು ಸಾಮಾನ್ಯವಾಗಿ ಬರೋದು ಎರಡನೇ ಕೈಯಲ್ಲಿ, ಮೂರನೇ ಕೈಯಲ್ಲಿ. ಅಂದರೆ ನನ್ನಂಥ ಐಟಿಯವರು ಓಡಿಸಿ ಬಿಟ್ಟಿದ್ದು.

ತೂತೇ ಸರಿ ಇಲ್ಲ ಅಂದಮೇಲೆ ಕಣ್ಣಿಗೆ ಕಾಣದ ಜಾಗದಲ್ಲಿ ಏನಿದೆಯೋ ಅಂತ ಅನುಮಾನ ಶುರುವಾಯ್ತು. ಬೆಂಗಳೂರಿಗೆ ಬಂದು ಎರಡು ವಾರ ರಾತ್ರಿಯೆಲ್ಲ ಇದರ ಇತಿಹಾಸವನ್ನೇ ಓದಿದೆ. ಅದರಲ್ಲಿ ಸ್ವಲ್ಪ ನಿಮಗೂ ಹೇಳ್ತೀನಿ.

ನಾವು ಇವತ್ತು ನೋಡೋ ಸೈಕಲ್ಲಿನ ಆಕಾರ ಬಂದಿದ್ದು 1885ರ ಸುಮಾರಿಗೆ, ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ಲಿನಿಂದ. ಕೊಳವೆಗಳನ್ನು ಜೋಡಿಸಿ ಫ್ರೇಮು ಮಾಡಬೇಕು. ಹಾಗಾಗಿ ಮೊದಲಿನಿಂದಲೂ ತಲೆನೋವು ಕೊಳವೆಯದಲ್ಲ, ಜೋಡಣೆಯದು. ಬೆಸುಗೆಯ ಬಿಸಿಗೆ ಕೊಳವೆಯ ತುದಿ ದುರ್ಬಲವಾಗುತ್ತೆ. ಅದಕ್ಕೆ 1897ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್, ತುದಿಯಲ್ಲಿ ದಪ್ಪ, ನಡುವೆ ತೆಳು ಇರುವ ಕೊಳವೆಗೆ ಪೇಟೆಂಟ್ ತಗೊಂಡ. ಅವನು ಮೊಳೆ ಮಾಡೋ ಮನೆತನದವನು ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ. 1935ರಲ್ಲಿ ಅದೇ ಕಂಪನಿಯ 531 ಅನ್ನೋ ಉಕ್ಕು ಬಂತು. ಮುಂದೆ ಹಲವು ದಶಕ ಒಳ್ಳೆ ರೇಸ್ ಫ್ರೇಮು ಅಂದರೆ 531.

ಆ ಕಾಲದಲ್ಲೂ ಕೆಟ್ಟ ಫ್ರೇಮುಗಳಿದ್ದವು. ಬೆಸುಗೆಯ ಪಿತ್ತಾಳೆ ಲಗ್ಗಿನ ಒಳಗೆ ಪೂರ್ತಿ ಹರಿಯದೆ ಇರೋದು, ಹೆಚ್ಚು ಕಾಸಿ ಉಕ್ಕನ್ನು ಸುಡೋದು, ಹಿಂದಿನ ಚಕ್ರ ಒಂದು ಪಕ್ಕಕ್ಕೆ ವಾಲೋದು. ಆದರೆ ಉಕ್ಕಿನಲ್ಲಿ ಸಾಮಾನ್ಯವಾಗಿ ಬಿರುಕು ಮೊದಲು ಕಾಣಿಸುತ್ತೆ. ಬಣ್ಣ ಸೀಳುತ್ತೆ, ತುಕ್ಕಿನ ಗೆರೆ ಮೂಡುತ್ತೆ, ಸೈಕಲ್ ಅಲ್ಲಾಡೋಕೆ ಶುರುವಾಗುತ್ತೆ. ಕಾಕಾ ಇಂಥ ಎಷ್ಟೋ ಫ್ರೇಮುಗಳಿಗೆ ಪಿತ್ತಾಳೆ ಕರಗಿಸಿ ಬೆಸೆದು ಕಳಿಸಿದ್ದಾರೆ. ಆ ಸೈಕಲ್‌ಗಳ ಮೇಲೆ ಹಾಲಿನ ಕ್ಯಾನು, ಸೀರೆ ಗಂಟು, ಮೂರು ಮಕ್ಕಳು ಎಲ್ಲಾ ಓಡಾಡಿದ್ದಾರೆ.

ಆಮೇಲೆ ಹಗುರ ಮಾಡೋ ಹುಚ್ಚು ಹಿಡೀತು. 1970ರ ದಶಕದಲ್ಲಿ ಅಮೆರಿಕದ ಎಣ್ಣೆ ಕಂಪನಿ ಎಕ್ಸಾನ್ 'ಗ್ರಾಫ್‌ಟೆಕ್' ಅನ್ನೋ ಹೆಸರಲ್ಲಿ ಕಾರ್ಬನ್ ಕೊಳವೆಗಳನ್ನು ಲೋಹದ ಲಗ್ಗಿಗೆ ಅಂಟಿಸಿದ ಫ್ರೇಮು ಮಾರಿತು. ಎಣ್ಣೆ ಕಂಪನಿ, ಸೈಕಲ್ಲು! ಅಂಟು ಬಿಟ್ಟುಕೊಳ್ಳೋದು ಅದರ ದೊಡ್ಡ ರೋಗ. ಇಂಥ ಅಂಟಿಸಿದ ಫ್ರೇಮುಗಳಲ್ಲಿ ಇನ್ನೊಂದು ತೊಂದರೆಯೂ ಇತ್ತು. ಕಾರ್ಬನ್ ಮತ್ತು ಅಲ್ಯೂಮಿನಿಯಂ ನೇರ ತಾಗಿ, ಜೊತೆಗೆ ಬೆವರಿನ ಉಪ್ಪು ಸೇರಿದರೆ ಬ್ಯಾಟರಿ ಥರ ಆಗಿ ಅಲ್ಯೂಮಿನಿಯಂ ಕೊರೆಯುತ್ತಾ ಹೋಗುತ್ತೆ.

ಹಾಗಾದರೆ ಜೋಡಣೆಯೇ ಬೇಡ, ಇಡೀ ಫ್ರೇಮನ್ನೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಮಾಡೋಣ ಅಂತ ಹೊರಟವರಲ್ಲಿ 1986ರ ಕೆಸ್ಟ್ರೆಲ್ ಮೊದಲಿಗರು. 1989ರಲ್ಲಿ ಟ್ರೆಕ್ ಕೂಡಾ 5000 ಅನ್ನೋ ಮಾಡೆಲ್ ಬಿಟ್ಟಿತು. ಫ್ರೇಮು ಮಾಡಿಸಿದ್ದು ಹೊರಗಿನವರ ಹತ್ತಿರ, ಗುಣಮಟ್ಟ ಕೈಕೊಡ್ತು, ಬೇಗನೇ ಅದನ್ನು ನಿಲ್ಲಿಸಬೇಕಾಯ್ತು. ಆಮೇಲೆ ತಾವೇ ಕಲಿತು 1992ರಲ್ಲಿ ತಂದ ವಿಧಾನಕ್ಕೆ ಇಟ್ಟ ಹೆಸರು ಒಸಿಎಲ್‌ವಿ: 'ಆಪ್ಟಿಮಮ್ ಕಂಪ್ಯಾಕ್ಷನ್, ಲೋ ವಾಯ್ಡ್'. ಚೆನ್ನಾಗಿ ಒತ್ತಿದ್ದು, ಪೊಳ್ಳು ಕಡಿಮೆ ಇರೋದು ಅಂತ. ಒಂದು ಕಂಪನಿ ತನ್ನ ಹೆಮ್ಮೆಯ ತಂತ್ರಜ್ಞಾನಕ್ಕೆ ರೋಗದ ಹೆಸರನ್ನೇ ಇಡಬೇಕು ಅಂದರೆ ಆ ರೋಗ ಎಷ್ಟು ಕಾಡಿರಬೇಕು ನೋಡಿ.

ಪೊಳ್ಳು ಹೇಗೆ ಬರುತ್ತೆ ಅನ್ನೋದೇ ಇಲ್ಲಿ ಮುಖ್ಯ. ರಾಳ ಸವರಿದ ಕಾರ್ಬನ್ ಹಾಳೆಗಳನ್ನು ನೂರಾರು ತುಂಡು ಮಾಡಿ, ಯಾವ ತುಂಡು ಯಾವ ಕೋನದಲ್ಲಿ ಅಂತ ಲೆಕ್ಕ ಇಟ್ಟು, ಒಂದರ ಮೇಲೊಂದು ಕೈಯಲ್ಲೇ ಹಚ್ಚುತ್ತಾರೆ. ಹೌದು, ಲಕ್ಷಗಟ್ಟಲೆ ಬೆಲೆಯ ಫ್ರೇಮು ಇವತ್ತಿಗೂ ಕೈಕೆಲಸವೇ. ಒಳಗೆ ಬಲೂನಿನಂಥ ಚೀಲ ಇಟ್ಟು, ಅಚ್ಚು ಮುಚ್ಚಿ, ಕಾಸಿ, ಗಾಳಿ ತುಂಬುತ್ತಾರೆ. ಚೀಲ ಎಲ್ಲಾ ಮೂಲೆಗೂ ಸರಿಯಾಗಿ ಒತ್ತಿದರೆ ಗೆದ್ದ ಹಾಗೆ. ಕೊಳವೆಗಳು ಸೇರುವ ಸಂದಿಯಲ್ಲಿ ಚೀಲ ಸಿಕ್ಕಿಹಾಕಿಕೊಂಡರೆ ಅಲ್ಲಿ ಹಾಳೆ ಸುಕ್ಕಾಗುತ್ತೆ, ಗಾಳಿ ಗುಳ್ಳೆ ಉಳಿಯುತ್ತೆ, ಇಲ್ಲವೇ ಬರೀ ರಾಳ ಮಡುಗಟ್ಟುತ್ತೆ. ಹೊರಗಿನಿಂದ ಏನೂ ಕಾಣಲ್ಲ. ಸಣ್ಣಪುಟ್ಟ ಕುಳಿಗೆ ಲಪ್ಪ ತುಂಬಿ ಉಜ್ಜಿ ಮೇಲೆ ಬಣ್ಣ ಹೊಡೆದರೆ ಮುಗೀತು. ಸರಿಯಾಗಿ ಮಾಡಿದ ಕಾರ್ಬನ್ ಉಕ್ಕಿಗಿಂತ ಹೆಚ್ಚು ಕಾಲ ಬಾಳಬಹುದು, ಅದರಲ್ಲಿ ನನಗೆ ಅನುಮಾನ ಇಲ್ಲ. ನನ್ನ ತಕರಾರು ಏನಂದ್ರೆ ಸರಿಯಾಗಿ ಮಾಡಿದ್ದೋ ಇಲ್ಲವೋ ಅಂತ ಕೊಂಡವನಿಗೆ ತಿಳಿಯೋ ದಾರಿಯೇ ಇಲ್ಲ.

ನಮ್ಮ ಓಣಿಯಲ್ಲಿ ಸೀರೆ ನೇಯುವವರ ಮನೆಯಲ್ಲಿ ಚಿಕ್ಕವನಿದ್ದಾಗ ಕೂತು ನೋಡುತ್ತಿದ್ದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸುತ್ತಾರೆ, ಅದಕ್ಕೆ ತೋಪ್ ತೆನಿ ಅಂತಾರೆ. ಅದೂ ಜೋಡಣೆಯೇ. ಆದರೆ ಅಂಗಡಿಯಲ್ಲಿ ಯಾವ ಅಜ್ಜಿ ಬೇಕಾದರೂ ಸೀರೆ ತಿರುಗಿಸಿ ಆ ಜಾಗವನ್ನು ಬೆರಳಲ್ಲಿ ಸವರಿ ಪಾಸೋ ಫೇಲೋ ಹೇಳಿಬಿಡ್ತಾಳೆ. ಕಾರ್ಬನ್ ಫ್ರೇಮನ್ನು ಹಾಗೆ ತಿರುವಿ ನೋಡೋಕಾಗಲ್ಲ.

ಇನ್ನು ನನ್ನ ಕಿಟಕಿಟಕ್ಕೆ ಬರೋಣ. ಬಹಳ ಕಾಲ ಬಾಟಮ್ ಬ್ರಾಕೆಟ್ ಅಂದರೆ ತಿರುಪಿ ಕೂರಿಸುವ ಕಪ್ಪು. ಕ್ಯಾನನ್‌ಡೇಲ್ 2000ದಲ್ಲಿ ಬಿಬಿ30 ಅಂತ ಥ್ರೆಡ್ಡೇ ಇಲ್ಲದೆ ಬೇರಿಂಗನ್ನು ಒತ್ತಿ ಕೂರಿಸೋದನ್ನು ತಂದು, 2006ರಲ್ಲಿ ಬೇರೆಯವರೂ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಹಗುರ, ಅಗಲ, ಮಾಡೋದಕ್ಕೂ ಸಲೀಸು. ಎಲ್ಲರೂ ಅದೇ ದಾರಿ ಹಿಡಿದರು. ಆದರೆ ತೂತು ಕರಾರುವಾಕ್ಕಾಗಿ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತೆ. ಥ್ರೆಡ್ಡು ಸಣ್ಣ ತಪ್ಪನ್ನು ನುಂಗಿಕೊಳ್ಳುತ್ತೆ, ಒತ್ತಿ ಕೂರಿಸಿದ್ದು ಒದರುತ್ತೆ. ಸ್ಪೆಷಲೈಸ್ಡ್‌ನವರು 2020ರಲ್ಲಿ ತಮ್ಮ ದೊಡ್ಡ ರೇಸ್ ಸೈಕಲ್ಲಾದ ಟಾರ್ಮ್ಯಾಕ್ ಎಸ್‌ಎಲ್7ಕ್ಕೆ ಮತ್ತೆ ಥ್ರೆಡ್ಡನ್ನೇ ಹಾಕಿದರು! ಕಾಕಾಗೆ ಇದನ್ನು ಹೇಳಿದಾಗ ಅವರು ನಕ್ಕಿದ್ದು ನೀವು ನೋಡಬೇಕಿತ್ತು.

ಹಾಗಂತ ಥ್ರೆಡ್ಡು ಬಂದ ತಕ್ಷಣ ಎಲ್ಲಾ ಸರಿ ಆಯ್ತು ಅಂತಲ್ಲ. ಅದೇ ಎಸ್‌ಎಲ್7ನ್ನು 2021ರಲ್ಲಿ ಸ್ಟೀರರ್ ಬಿರುಕಿನ ಭಯಕ್ಕೆ ಕಂಪನಿ ವಾಪಸ್ ಕರೆಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಲ ಸಾಮಿನ್ ರೇಸಿನಲ್ಲಿ ಮ್ಯಾಥ್ಯೂ ವಾನ್ ಡರ್ ಪೋಲ್‌ನ ಹ್ಯಾಂಡಲ್ ಮುರಿದು, ಕ್ಯಾನ್ಯನ್ ಕಂಪನಿ ಆ ಏರೋಡ್ ಸೈಕಲ್ ಕೊಂಡವರಿಗೆಲ್ಲ ಸದ್ಯಕ್ಕೆ ಓಡಿಸಬೇಡಿ ಅಂತು. ಅದಕ್ಕೂ ಮುಂಚೆ, 2006ರ ಪ್ಯಾರಿಸ್-ರೂಬೆ ರೇಸಿನಲ್ಲಿ ಜಾರ್ಜ್ ಹಿಂಕ್ಯಾಪಿಯ ಸ್ಟೀರರ್ ಮುರಿದು ಕೈಯಲ್ಲಿ ಹ್ಯಾಂಡಲ್ ಮಾತ್ರ ಉಳಿದ ದೃಶ್ಯ ತುಂಬಾ ಜನ ನೋಡಿರ್ತೀರಿ. ನ್ಯಾಯವಾಗಿ ಹೇಳಬೇಕಂದ್ರೆ ಅದು ಕಾರ್ಬನ್ ಅಲ್ಲ, ಅಲ್ಯೂಮಿನಿಯಂ. ಅಂದು ಅವನು ಅದಕ್ಕೂ ಮುಂಚೆ ಒಮ್ಮೆ ಬಿದ್ದಿದ್ದ ಕೂಡಾ.

ಪರೀಕ್ಷೆ ಇಲ್ಲವೇ ಅಂತ ಕೇಳಬಹುದು. ಇದೆ. ಯುರೋಪಿನಲ್ಲಿ 2005ರಲ್ಲಿ ರೇಸ್ ಸೈಕಲ್ಲಿಗೆ ಇಎನ್ 14781 ಬಂತು, 2014ರಿಂದ ಐಎಸ್‌ಒ 4210ರ ಹೊಸ ಆವೃತ್ತಿ. ಪೆಡಲ್ ಮೇಲೆ ಲಕ್ಷ ಸಲ ಒತ್ತುತ್ತಾರೆ, 22.5 ಕಿಲೋ ತೂಕ ಬೀಳಿಸಿ ನೋಡುತ್ತಾರೆ. ಆದರೆ ಅದು ಸ್ಯಾಂಪಲ್ಲಿಗೆ. ನಿಮ್ಮ ಕೈಗೆ ಬಂದ ಫ್ರೇಮು ಆ ಮಷೀನು ಹತ್ತಿರುವುದಿಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಬಿಲ್ಡ್ ಟೆಸ್ಟ್ ಮಾಡಿದರೆ ಕಾಪಿ ಮಾಡಿದ್ದೆಲ್ಲ ಅದೇ. ಕೈಯಲ್ಲಿ ಹಚ್ಚಿದ ಹಾಳೆ ಹಾಗಲ್ಲ, ಪ್ರತಿಯೊಂದೂ ಹೊಸ ಬಿಲ್ಡು. ಇನ್ನು 2011ರಿಂದ ಬರುತ್ತಿರೋ ಯುಸಿಐ ಸ್ಟಿಕ್ಕರನ್ನು ಎಷ್ಟೋ ಜನ ಗಟ್ಟಿತನದ ಸರ್ಟಿಫಿಕೇಟ್ ಅಂದುಕೊಂಡಿದ್ದಾರೆ. ಅದು ನೋಡೋದು ಆಕಾರ, ಅಳತೆ ರೇಸಿನ ನಿಯಮಕ್ಕೆ ಸರಿಹೊಂದುತ್ತಾ ಅಂತ ಅಷ್ಟೇ.

ಇಷ್ಟೆಲ್ಲಾ ಓದಿಕೊಂಡು ಹೋದ ತಿಂಗಳು ಮತ್ತೆ ಊರಿಗೆ ಹೋದೆ. ಆ ಹುಡುಗನೂ ಅಂಗಡಿಗೆ ಬಂದಿದ್ದ. ಕಾಕಾ ಒಂದು ರೂಪಾಯಿ ನಾಣ್ಯ ತಗೊಂಡು ಫ್ರೇಮಿನ ಉದ್ದಕ್ಕೂ ತಟ್ಟುತ್ತಾ ಬಂದರು. ಟಣ್ ಟಣ್ ಟಣ್... ಕೆಳಗಿನ ಕೊಳವೆ ಬಾಟಮ್ ಬ್ರಾಕೆಟ್ಟಿಗೆ ಸೇರುವ ಕಡೆ ಬಂದಾಗ, ಡಬ್. ಮತ್ತೆ ತಟ್ಟಿದರು. ಡಬ್. ಮಡಿಕೆ ಕೊಳ್ಳುವಾಗ ನೋಡೋ ಹಾಗೇನೇ. ನಾಣ್ಯದ ಸದ್ದಿನಿಂದ ಎಲ್ಲಾ ಗೊತ್ತಾಗಲ್ಲ ಅಂತ ನನಗೂ ಗೊತ್ತು. ಸಂದಿಯಲ್ಲಿ ಗೋಡೆ ದಪ್ಪ ಇದ್ದರೂ ಸದ್ದು ಮಂದ ಆಗುತ್ತೆ. ಆದರೆ ಎರಡು ಪಕ್ಕದಲ್ಲಿ ಒಂದು ಪಕ್ಕ ಮಾತ್ರ ಡಬ್ ಅಂತಿತ್ತು.

"ಅಣ್ಣಾರ, ನಾ ಭಾಳ ಹಗೂರ ಅದೀನ್ರಿ, ಮುರಿಯಾಂಗಿಲ್ಲ ತಗೋರಿ" ಅಂದ ಹುಡುಗ. ಅವನ ಕಣ್ಣೆಲ್ಲಾ ಆ ಫ್ರೇಮಿನ ಮೇಲೇ. ಇಳಿಜಾರಿನಲ್ಲಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋಗೋ ಹುಡುಗ.

ಕಾಕಾ ನನ್ನ ಮುಖ ನೋಡಿದರು. ನಾನೇ ಗರಗಸ ತಗೊಂಡೆ. ಧೂಳು ಒಳ್ಳೇದಲ್ಲ ಅಂತ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ನೀರು ಹಾಕ್ತಾ ಕೊಯ್ದೆ. ನನ್ನ ಎರಡು ತಿಂಗಳ ಸಂಬಳ ಹತ್ತು ನಿಮಿಷದಲ್ಲಿ ಎರಡು ತುಂಡಾಯ್ತು. ಒಳಗೆ ಡಬ್ ಅಂದ ಜಾಗದಲ್ಲಿ ಹಾಳೆ ಮಡಚಿ ಬಿದ್ದಿತ್ತು, ಅಂಗಿಯ ಕೈ ಮಡಚಿದ ಹಾಗೆ. ಮಡಿಕೆಯ ಹಿಂದೆ ಉಗುರು ತೂರುವಷ್ಟು ಪೊಳ್ಳು. ಪಕ್ಕದಲ್ಲಿ ಚೀಲದ ಚೂರೊಂದು ಇನ್ನೂ ಅಂಟಿಕೊಂಡಿತ್ತು. ಇದು ಖಂಡಿತ ಮುರಿಯುತ್ತಿತ್ತು ಅಂತ ನಾನು ಹೇಳಲ್ಲ. ಇನ್ನೂ ಹತ್ತು ವರ್ಷ ಏನೂ ಆಗದೇ ಇರಬಹುದಿತ್ತು. ಹುಡುಗ ಬಗ್ಗಿ ಬೆರಳು ಹಾಕಿ ನೋಡಿ ಏನೂ ಮಾತಾಡಲಿಲ್ಲ.

ಆ ತುಂಡನ್ನು ಕಾಕಾ ಅಂಗಡಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾರೆ. ನನ್ನ ಚಕ್ರ, ಗೇರು, ಬ್ರೇಕು ಎಲ್ಲಾ ಬಿಚ್ಚಿ, ಹಳೇ ಅಲ್ಯೂಮಿನಿಯಂ ಫ್ರೇಮೊಂದನ್ನು ಹುಡುಕಿ ಅದಕ್ಕೆ ಕೂರಿಸಿಕೊಟ್ಟೆವು. ಥ್ರೆಡ್ ಇರುವ ಬಾಟಮ್ ಬ್ರಾಕೆಟ್ಟೇ ಆಗಬೇಕು ಅಂತ ಕಾಕಾ ಹಟ ಹಿಡಿದಿದ್ದರು. ಅರ್ಧ ಕಿಲೋ ತೂಕ ಜಾಸ್ತಿ.

ಹೋದ ವಾರ ಹುಡುಗ ಫೋನ್ ಮಾಡಿದ್ದ. ಐಹೊಳೆ ದಾರಿಯಲ್ಲಿ ಎದುರುಗಾಳಿ ಬಹಳ ಅಂತಿದ್ದ. ಸದ್ದು ಏನಾದ್ರೂ ಬರುತ್ತೇನೋ ಅಂತ ಕೇಳಿದೆ.

"ಚೈನಿಂದಷ್ಟ ರೀ ಅಣ್ಣಾರ" ಅಂದ.