ಡ್ಯಾನಿಕಾ ರೋಮ್: ಉದ್ಯೋಗ, ಶಾಲೆ, ಆರೋಗ್ಯ ಕುರಿತ ಚುನಾವಣಾ ನಿಲುವುಗಳು

ಡ್ಯಾನಿಕಾ ರೋಮ್ (ಜನನ 1984) ಅಮೆರಿಕದ ವರ್ಜೀನಿಯಾ ರಾಜ್ಯದ ಶಾಸಕಿ, ಡೆಮಾಕ್ರಟಿಕ್ ಪಕ್ಷದವರು. 2017ರ ನವೆಂಬರ್‌ನಲ್ಲಿ ರಾಜ್ಯದ ಪ್ರತಿನಿಧಿ ಸಭೆಯ 13ನೇ ಕ್ಷೇತ್ರದಿಂದ ಮೊದಲ ಬಾರಿಗೆ ಆಯ್ಕೆಯಾದರು. ಟ್ರಾನ್ಸ್ ಮಹಿಳೆ ಎಂಬುದನ್ನು ಮುಚ್ಚಿಡದೆ ಚುನಾವಣೆಗೆ ನಿಂತು, ಗೆದ್ದು, ಅಮೆರಿಕದ ರಾಜ್ಯ ಶಾಸನಸಭೆಯಲ್ಲಿ ಕೆಲಸ ಮಾಡಿದವರಲ್ಲಿ ಅವರೇ ಮೊದಲಿಗರು. ಹೊರಗಿನ ಪತ್ರಿಕೆಗಳು ಆ ಗೆಲುವನ್ನು ವರದಿ ಮಾಡಿದ್ದು ಹೆಚ್ಚಾಗಿ ಈ ಕಾರಣಕ್ಕೆ. ಕ್ಷೇತ್ರದ ಒಳಗೆ ಅವರು ಮನೆಮನೆಗೆ ಹೋಗಿ ಮತ ಕೇಳಿದ್ದು ಬೇರೆ ಮೂರು ಸಂಗತಿಗಳನ್ನು ಮುಂದಿಟ್ಟು: ದುಡಿಯುವವರ ದಾರಿ ಕಟ್ಟುತ್ತಿದ್ದ ಒಂದು ಹೆದ್ದಾರಿ, ಶಿಕ್ಷಕರ ಸಂಬಳ, ಕಡಿಮೆ ಆದಾಯದವರ ಆರೋಗ್ಯ ವಿಮೆ. ಮೂರೂ ರಾಜ್ಯ ಶಾಸಕರ ಅಧಿಕಾರದ ವ್ಯಾಪ್ತಿಗೆ ನೇರವಾಗಿ ಬರುವ ವಿಷಯಗಳು. ಅವರ ಪ್ರಚಾರದ ಬಲ ಇದ್ದದ್ದೇ ಅಲ್ಲಿ.

ವರ್ಜೀನಿಯಾದ ಶಾಸನಸಭೆಗೆ ಎರಡು ಸದನಗಳು. ಪ್ರತಿನಿಧಿ ಸಭೆಯಲ್ಲಿ 100 ಸದಸ್ಯರು, ಅವಧಿ ಎರಡು ವರ್ಷ. ಸೆನೆಟ್‌ನಲ್ಲಿ 40 ಸದಸ್ಯರು, ಅವಧಿ ನಾಲ್ಕು ವರ್ಷ. ಅಧಿವೇಶನ ಒಂದು ವರ್ಷ 60 ದಿನ ನಡೆದರೆ ಮರುವರ್ಷ ಅದಕ್ಕಿಂತ ಕಡಿಮೆ. ಪ್ರತಿನಿಧಿ ಸಭೆಯ ಸದಸ್ಯರಿಗೆ ವರ್ಷಕ್ಕೆ ಸಿಗುವ ಸಂಬಳ 17,640 ಡಾಲರ್ ಮಾತ್ರ. ಹೀಗಾಗಿ ಬಹುತೇಕರಿಗೆ ಬೇರೊಂದು ವೃತ್ತಿ ಇದ್ದೇ ಇರುತ್ತದೆ. ಕೌಂಟಿ, ನಗರಗಳ ಆಡಳಿತಗಳಿಗೆ ಇಲ್ಲಿ ಸ್ವಂತ ಅಧಿಕಾರ ಬಹಳ ಕಡಿಮೆ. ರಾಜ್ಯದ ಕಾನೂನು ಕೊಟ್ಟಷ್ಟನ್ನೇ ಅವು ಚಲಾಯಿಸಬಹುದು. ಸ್ಥಳೀಯ ತೆರಿಗೆಯ ಮಿತಿಯಿಂದ ಹಿಡಿದು ಶಾಲಾ ನೌಕರರ ಸಂಘದ ಹಕ್ಕಿನವರೆಗೆ ಎಷ್ಟೋ ತೀರ್ಮಾನಗಳು ರಾಜಧಾನಿ ರಿಚ್ಮಂಡ್‌ನಲ್ಲೇ ಆಗಬೇಕು.

2017ರಲ್ಲಿ 13ನೇ ಕ್ಷೇತ್ರಕ್ಕೆ ಸೇರಿದ್ದು ಮನಾಸಸ್ ಪಾರ್ಕ್ ಎಂಬ ಪುಟ್ಟ ನಗರ ಮತ್ತು ಪ್ರಿನ್ಸ್ ವಿಲಿಯಂ ಕೌಂಟಿಯ ಪಶ್ಚಿಮ ಭಾಗ. ವಾಷಿಂಗ್ಟನ್ ಮಹಾನಗರದ ಹೊರ ಅಂಚಿನ ಈ ಊರುಗಳಲ್ಲಿ ಮನೆ ಮಾಡಿ ಬೇರೆಡೆ ದುಡಿಯುವವರೇ ಹೆಚ್ಚು. ರಿಪಬ್ಲಿಕನ್ ಪಕ್ಷದ ಬಾಬ್ ಮಾರ್ಷಲ್ 1992ರಿಂದ ಕ್ಷೇತ್ರವನ್ನು ಕೈಬಿಟ್ಟಿರಲಿಲ್ಲ. ಸಲಿಂಗ ವಿವಾಹವನ್ನು ನಿಷೇಧಿಸಿದ 2006ರ ರಾಜ್ಯ ಸಂವಿಧಾನ ತಿದ್ದುಪಡಿಗೆ ಅವರ ಹೆಸರೇ ಅಂಟಿಕೊಂಡಿದೆ. ಸರ್ಕಾರಿ ಕಟ್ಟಡಗಳಲ್ಲಿ ಟ್ರಾನ್ಸ್ ವ್ಯಕ್ತಿಗಳು ಯಾವ ಶೌಚಾಲಯ ಬಳಸಬೇಕೆಂದು ಕಟ್ಟುಪಾಡು ಹಾಕುವ ಮಸೂದೆಯನ್ನು 2017ರಲ್ಲಿ ತಂದವರೂ ಅವರೇ. ಅದು ಸಮಿತಿಯ ಹಂತದಲ್ಲೇ ಬಿದ್ದುಹೋಯಿತು. ರೋಮ್ ಇದೇ ಕೌಂಟಿಯಲ್ಲಿ ಬೆಳೆದವರು. ನ್ಯೂಯಾರ್ಕ್ ರಾಜ್ಯದ ಸೇಂಟ್ ಬೊನಾವೆಂಚರ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ, ಗೇನ್ಸ್‌ವಿಲ್ ಟೈಮ್ಸ್ ಪತ್ರಿಕೆಯ ವರದಿಗಾರ್ತಿಯಾಗಿ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಊರಿನ ಆಡಳಿತ, ರಸ್ತೆ, ಶಾಲೆಗಳ ಸುದ್ದಿ ಬರೆದಿದ್ದರು. ಕ್ಷೇತ್ರದ ಸಮಸ್ಯೆಗಳನ್ನು ಯಾರೋ ಬರೆದುಕೊಟ್ಟ ಪ್ರಣಾಳಿಕೆಯಿಂದ ಕಲಿಯುವ ಅಗತ್ಯ ಅವರಿಗೆ ಬೀಳಲಿಲ್ಲ. 2017ರ ಜೂನ್ 13ರಂದು ನಾಲ್ವರು ಸ್ಪರ್ಧಿಗಳಿದ್ದ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದು ಅವರು ಅಭ್ಯರ್ಥಿಯಾದರು.

ಉದ್ಯೋಗದ ಬಗ್ಗೆ ರೋಮ್ ಅವರ ಮಾತು ಶುರುವಾಗುತ್ತಿದ್ದದ್ದು ರೂಟ್ 28ರಿಂದ. ಮನಾಸಸ್ ಮತ್ತು ಮನಾಸಸ್ ಪಾರ್ಕ್ ದಾಟಿ, ಫೇರ್‌ಫ್ಯಾಕ್ಸ್ ಕೌಂಟಿಯ ಸೆಂಟರ್‌ವಿಲ್ ಮೂಲಕ ಡಲಸ್ ವಿಮಾನ ನಿಲ್ದಾಣದ ಪಕ್ಕದಲ್ಲಿ ಉತ್ತರಕ್ಕೆ ಹೋಗುವ ರಾಜ್ಯ ಹೆದ್ದಾರಿ ಇದು. ಇದರ ಉತ್ತರ ಭಾಗಕ್ಕೂ ದಕ್ಷಿಣ ಭಾಗಕ್ಕೂ ಅಜಗಜಾಂತರ. ಡಲಸ್ ಸುತ್ತಲಿನ ಭೂಮಾಲೀಕರ ಮೇಲೆ ವಿಶೇಷ ತೆರಿಗೆ ಹಾಕಲು 1987ರಲ್ಲಿ ಒಂದು ವಲಯ ರಚನೆಯಾಯಿತು. ಆ ಹಣದ ಬಲದಿಂದ ಉತ್ತರ ಭಾಗದ ಸಿಗ್ನಲ್‌ಗಳು ಒಂದೊಂದಾಗಿ ಹೋಗಿ ಮೇಲ್ಸೇತುವೆಗಳು ಬಂದವು, ರಸ್ತೆಯ ಇಕ್ಕೆಲದಲ್ಲಿ ಕಂಪನಿಗಳೂ ನೆಲೆಯೂರಿದವು. ಕನ್ನಡಿಗರೂ ಸೇರಿದಂತೆ ಭಾರತ ಮೂಲದ ಅನೇಕ ಐಟಿ ಉದ್ಯೋಗಿಗಳು ಕೆಲಸ ಮಾಡುವುದು ಇದೇ ಪಟ್ಟಿಯ ಹರ್ನ್‌ಡನ್, ಸ್ಟರ್ಲಿಂಗ್ ಊರುಗಳಲ್ಲಿ. ದಕ್ಷಿಣ ಭಾಗದಲ್ಲಿ ಮಾತ್ರ ಸಿಗ್ನಲ್‌ಗಳು ಹಾಗೆಯೇ ಉಳಿದವು, ಬೆಳಿಗ್ಗೆ ಸಂಜೆ ವಾಹನಗಳ ಸಾಲು ಉದ್ದವಾಗುತ್ತಲೇ ಹೋಯಿತು.

ರೋಮ್ ವಾದ ಸರಳವಾಗಿತ್ತು. ದುಡಿಯಲು ಹೋಗುವವರ ದಿನದ ಎಷ್ಟೋ ಹೊತ್ತು ರಸ್ತೆಯಲ್ಲೇ ಕಳೆದುಹೋಗುತ್ತದೆ. ಒಳ್ಳೆಯ ಸಂಬಳ ಕೊಡುವ ಕಂಪನಿಗಳು ಮನಾಸಸ್ ಕಡೆಗೆ ಬರದಿರುವುದಕ್ಕೂ ಈ ರಸ್ತೆಯೇ ಒಂದು ಕಾರಣ. ಸಿಗ್ನಲ್‌ಗಳ ಜಾಗದಲ್ಲಿ ಮೇಲ್ಸೇತುವೆ ಕಟ್ಟಿದರೆ ಇಂದಿನ ನೌಕರರಿಗೂ ಅನುಕೂಲ, ಮನೆಯ ಹತ್ತಿರವೇ ಕೆಲಸ ಸೃಷ್ಟಿಯಾಗುವುದಕ್ಕೂ ದಾರಿ. ರಾಜ್ಯಮಟ್ಟದ ಅಭ್ಯರ್ಥಿಗಳು ಉದ್ಯೋಗ ಎಂದಾಗ ಸಾಮಾನ್ಯವಾಗಿ ಹೇಳುವುದು ತೆರಿಗೆ ರಿಯಾಯಿತಿ, ತರಬೇತಿ ಕೇಂದ್ರ, ಕನಿಷ್ಠ ವೇತನಗಳನ್ನು. ಒಂದು ರಸ್ತೆಯನ್ನೇ ಉದ್ಯೋಗ ನೀತಿಯ ನಡುವೆ ತಂದು ಕೂರಿಸಿದ್ದು ರೋಮ್ ಪ್ರಚಾರದ ವೈಶಿಷ್ಟ್ಯ. ಮಾರ್ಷಲ್ ರಾಷ್ಟ್ರಮಟ್ಟದ ಸೈದ್ಧಾಂತಿಕ ಜಗಳಗಳಲ್ಲಿ ಮುಳುಗಿ ಕ್ಷೇತ್ರದ ಕೆಲಸ ಬಿಟ್ಟಿದ್ದಾರೆ ಎಂಬ ಟೀಕೆಗೂ ಅದೇ ರಸ್ತೆ ಆಧಾರವಾಯಿತು. ರೋಮ್ ಅವರೊಂದಿಗೆ ಸಾರ್ವಜನಿಕ ಚರ್ಚೆಗೆ ಬರಲು ಮಾರ್ಷಲ್ ಒಪ್ಪಲಿಲ್ಲ.

ಭರವಸೆ ಈಡೇರಿಸುವುದು ಅಷ್ಟು ಸುಲಭವಿರಲಿಲ್ಲ. ಉತ್ತರ ವರ್ಜೀನಿಯಾದ ರಸ್ತೆ, ರೈಲುಗಳಿಗೆಂದು 2013ರ ಕಾನೂನು ಪ್ರತ್ಯೇಕ ಪ್ರಾದೇಶಿಕ ನಿಧಿಯನ್ನು ಕೊಟ್ಟಿತ್ತು. 2018ರಲ್ಲಿ ವಾಷಿಂಗ್ಟನ್ ಮೆಟ್ರೊ ರೈಲಿನ ದುರಸ್ತಿಗೆ ರಾಜ್ಯ ವರ್ಷಕ್ಕೆ 15.4 ಕೋಟಿ ಡಾಲರ್ ಮೀಸಲಿಟ್ಟಿತು, ಅದರಲ್ಲಿ ದೊಡ್ಡ ಪಾಲು ಈ ನಿಧಿಯಿಂದಲೇ ಹೋಯಿತು. ರಸ್ತೆಗೆ ಉಳಿಯುವ ಹಣ ಅಷ್ಟರಮಟ್ಟಿಗೆ ಇಳಿಯಿತು. 2019ರ ನವೆಂಬರ್‌ನಲ್ಲಿ ಪ್ರಿನ್ಸ್ ವಿಲಿಯಂ ಕೌಂಟಿಯ ಮತದಾರರು ರಸ್ತೆಗಳಿಗಾಗಿ 35.5 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಅದರಲ್ಲಿ 20 ಕೋಟಿ ರೂಟ್ 28ರ ಸುಧಾರಣೆಗೆ ಮೀಸಲಾಗಿತ್ತು. ರಿಚ್ಮಂಡ್‌ನಲ್ಲಿ ಕೂತ ಒಬ್ಬ ಶಾಸಕಿಯ ಕೈಗೆಟುಕದ ಹಣ ಕೊನೆಗೆ ಬಂದದ್ದು ಕೌಂಟಿಯ ಮತಪೆಟ್ಟಿಗೆಯಿಂದ.

ಶಾಲೆಯ ವಿಷಯದಲ್ಲಿ ರೋಮ್ ಒತ್ತು ಕೊಟ್ಟದ್ದು ಶಿಕ್ಷಕರ ಸಂಬಳಕ್ಕೆ. ಉತ್ತರ ವರ್ಜೀನಿಯಾದಲ್ಲೇ ಅತಿ ಕಡಿಮೆ ಸಂಬಳ ಮನಾಸಸ್ ಪಾರ್ಕ್ ಶಿಕ್ಷಕರದು ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಇಲ್ಲಿ ತರಬೇತಾದವರು ಪಕ್ಕದ ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳ ಹೆಚ್ಚಿನ ಸಂಬಳಕ್ಕೆ ಹೋಗಿಬಿಡುತ್ತಾರೆ ಎಂಬುದು ಅವರ ಆತಂಕ. ಈ ಅಂತರದ ಬೇರು ಹಣಕಾಸಿನ ಪದ್ಧತಿಯಲ್ಲಿದೆ. ಗುಣಮಟ್ಟದ ಮಾನದಂಡಗಳು ಎಂದು ರಾಜ್ಯ ಒಂದು ಕನಿಷ್ಠ ಮಟ್ಟವನ್ನು ಗೊತ್ತುಮಾಡಿ ಅದರ ವೆಚ್ಚದಲ್ಲಿ ಸರಾಸರಿ ಶೇ 55ರಷ್ಟನ್ನು ತಾನು ಭರಿಸುತ್ತದೆ, ಉಳಿದದ್ದು ಸ್ಥಳೀಯ ಆಡಳಿತದ ಪಾಲು. ಯಾವ ಊರು ಎಷ್ಟು ಕೊಡಬೇಕೆಂಬುದನ್ನು ಅಲ್ಲಿನ ಆಸ್ತಿ ಮೌಲ್ಯ, ಆದಾಯ, ಮಾರಾಟ ತೆರಿಗೆ ನೋಡಿ ಸೂಚ್ಯಂಕವೊಂದು ನಿರ್ಧರಿಸುತ್ತದೆ. ಕನಿಷ್ಠ ಮಟ್ಟದ ಮೇಲೆ ಖರ್ಚು ಮಾಡುವುದೆಲ್ಲ ಊರಿನದೇ ಹೊರೆ. ಮನಾಸಸ್ ಪಾರ್ಕ್ 2020ರ ಜನಗಣತಿಯಲ್ಲಿ ಸುಮಾರು 17 ಸಾವಿರ ಜನರಿದ್ದ ನಗರ. ವರ್ಜೀನಿಯಾದ 38 ಸ್ವತಂತ್ರ ನಗರಗಳಲ್ಲಿ ಒಂದಾದ್ದರಿಂದ ಯಾವ ಕೌಂಟಿಗೂ ಸೇರಿಲ್ಲ. ದೊಡ್ಡ ಕಚೇರಿಗಳು, ಮಾಲ್‌ಗಳು ಇಲ್ಲದ ಊರಿಗೆ ಮನೆ ತೆರಿಗೆಯೇ ಮುಖ್ಯ ಆಧಾರ. ಅಂಥ ಊರು ಶ್ರೀಮಂತ ನೆರೆಯವರಿಗೆ ಸಮನಾಗಿ ಸಂಬಳ ಕೊಡುವುದು ಕಷ್ಟ. ಉದ್ಯೋಗಕ್ಕೂ ಶಾಲೆಗೂ ನಂಟು ಬೀಳುವುದು ಇಲ್ಲಿಯೇ: ಕಂಪನಿ ಬಂದರೆ ತೆರಿಗೆ, ತೆರಿಗೆ ಬಂದರೆ ಸಂಬಳ. ರೋಮ್ ಎರಡನ್ನೂ ಜೊತೆಯಲ್ಲೇ ಹೇಳುತ್ತಿದ್ದುದು ಆಕಸ್ಮಿಕವಲ್ಲ.

2019ರಲ್ಲಿ ಶಾಸನಸಭೆ ಶಿಕ್ಷಕರ ಸಂಬಳವನ್ನು ಶೇ 5ರಷ್ಟು ಏರಿಸಲು ಹಣ ಕೊಟ್ಟಿತು. ಆದರೆ ರಾಜ್ಯದ ಪಾಲು ಮಾನದಂಡದಲ್ಲಿ ಎಣಿಕೆಯಾದ ಹುದ್ದೆಗಳಿಗಷ್ಟೇ ಸಿಗುತ್ತದೆ, ಉಳಿದದ್ದನ್ನು ಊರುಗಳೇ ಹೊಂದಿಸಿಕೊಳ್ಳಬೇಕು. ಶಿಕ್ಷಕರ ಸಂಘಗಳು ಆಡಳಿತದ ಜೊತೆ ಸಾಮೂಹಿಕವಾಗಿ ಚೌಕಾಸಿ ಮಾಡಲು ಇದ್ದ ನಿಷೇಧವನ್ನು 2020ರ ಕಾನೂನು ಸಡಿಲಿಸಿತು. 2021ರ ಮೇ 1ರಿಂದ ಆಯಾ ಶಾಲಾ ಮಂಡಳಿ ಒಪ್ಪಿದರೆ ಅದಕ್ಕೆ ಅವಕಾಶ. ಮುಂದೆ ಒಪ್ಪಿದ ಮಂಡಳಿಗಳಲ್ಲಿ ಪ್ರಿನ್ಸ್ ವಿಲಿಯಂ ಕೌಂಟಿಯದೂ ಸೇರಿದೆ. ಮೂಲದ ಕೊರತೆ ಇನ್ನೂ ತೀರಿಲ್ಲ. ಐವತ್ತು ರಾಜ್ಯಗಳ ಸರಾಸರಿಗೆ ಹೋಲಿಸಿದರೆ ವರ್ಜೀನಿಯಾದ ಶಾಲೆಗಳಿಗೆ ವಿದ್ಯಾರ್ಥಿಯೊಬ್ಬರಿಗೆ ಶೇ 14ರಷ್ಟು ಕಡಿಮೆ ಹಣ ಸಿಗುತ್ತಿದೆ ಎಂದು ಶಾಸನಸಭೆಯದೇ ಲೆಕ್ಕಪರಿಶೀಲನಾ ಆಯೋಗ 2023ರ ವರದಿಯಲ್ಲಿ ಹೇಳಿತು. ಶಾಲೆಯ ಊಟದ ಬಾಕಿಯಿಂದ ಬಡ ಮಕ್ಕಳಿಗೆ ಆಗುವ ಅವಮಾನವೂ ರೋಮ್ ಶಾಸಕಿಯಾಗಿ ಹಿಡಿದು ಕೂತ ವಿಷಯಗಳಲ್ಲಿ ಒಂದು.

ಆರೋಗ್ಯದ ಪ್ರಶ್ನೆ ಆ ಚುನಾವಣೆಯಲ್ಲಿ ಇಡೀ ರಾಜ್ಯದ ಪ್ರಶ್ನೆಯಾಗಿತ್ತು. ಕಡಿಮೆ ಆದಾಯದವರಿಗೆ ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ವಿಮೆ ಮೆಡಿಕೇಡ್. ಒಬಾಮ ಸರ್ಕಾರದ 2010ರ ಆರೋಗ್ಯ ಕಾನೂನು ಇದನ್ನು ಬಡತನ ರೇಖೆಯ ಶೇ 138ರವರೆಗಿನ ಎಲ್ಲ ವಯಸ್ಕರಿಗೆ ವಿಸ್ತರಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ವಿಸ್ತರಣೆಯನ್ನು ಆಯಾ ರಾಜ್ಯದ ಇಚ್ಛೆಗೆ ಬಿಟ್ಟಿತು. ವರ್ಜೀನಿಯಾ ಒಲ್ಲೆ ಎಂದಿತು. ಇದರಿಂದ ಆದ ಪರಿಣಾಮ ಕ್ರೂರವಾಗಿತ್ತು: ಅಂಗವೈಕಲ್ಯವಿಲ್ಲದ, ಮಕ್ಕಳಿಲ್ಲದ ವಯಸ್ಕರು ಎಷ್ಟೇ ಬಡವರಾಗಿದ್ದರೂ ಅವರಿಗೆ ಮೆಡಿಕೇಡ್ ಇಲ್ಲ; ಬಡತನ ರೇಖೆಗಿಂತ ಕೆಳಗಿದ್ದರೆ ವಿಮಾ ಮಾರುಕಟ್ಟೆಯ ಸಬ್ಸಿಡಿಯೂ ಇಲ್ಲ. ಹೋಟೆಲು, ಅಂಗಡಿ, ಕಟ್ಟಡದ ಕೆಲಸ ಮಾಡುತ್ತಲೇ ವಿಮೆಯಿಲ್ಲದೆ ಬದುಕುವವರ ದೊಡ್ಡ ಗುಂಪೊಂದು ಹೀಗೆ ಹುಟ್ಟಿಕೊಂಡಿತು. ವಿಸ್ತರಿಸಿದರೆ ಸುಮಾರು 4 ಲಕ್ಷ ಜನರಿಗೆ ವಿಮೆ ಸಿಗುತ್ತದೆ ಎಂಬುದು ರಾಜ್ಯದ ಅಂದಾಜು. ರೋಮ್ ವಿಸ್ತರಣೆಯ ಪರ, ಮಾರ್ಷಲ್ ವಿರುದ್ಧ.

ವಿರೋಧಿಗಳ ವಾದಕ್ಕೂ ಒಂದು ತರ್ಕವಿತ್ತು. ಹೊಸದಾಗಿ ಸೇರುವವರ ವೆಚ್ಚವನ್ನು ಕೇಂದ್ರ 2014ರಿಂದ 2016ರವರೆಗೆ ಪೂರ್ತಿಯಾಗಿ, ಬಳಿಕ ಹಂತ ಹಂತವಾಗಿ ಇಳಿಸಿ 2020ರಿಂದ ಶೇ 90ರಷ್ಟು ಭರಿಸುತ್ತದೆ. ಉಳಿದ ಶೇ 10 ರಾಜ್ಯದ ತಲೆಗೆ. ನಾಳೆ ಕೇಂದ್ರ ಮಾತು ತಪ್ಪಿದರೆ ಪೂರ್ತಿ ಹೊರೆಯೂ ರಾಜ್ಯದ್ದೇ ಎಂದು ಅವರು ಹೇಳುತ್ತಿದ್ದರು. ಗವರ್ನರ್ ಟೆರಿ ಮೆಕಾಲಿಫ್ 2014ರಲ್ಲಿ ಬಜೆಟ್ ಮೂಲಕ ವಿಸ್ತರಣೆ ತರಲು ಹೆಣಗಿದರು. ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಫಿಲಿಪ್ ಪಕೆಟ್ ಆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟಾಗ ಸೆನೆಟ್ ರಿಪಬ್ಲಿಕನ್ನರ ಕೈಸೇರಿ ಆ ಪ್ರಯತ್ನ ಮುರಿದುಬಿತ್ತು.

2017ರ ನವೆಂಬರ್ 7ರಂದು ರೋಮ್ ಶೇ 54ರ ಆಸುಪಾಸು ಮತ ಪಡೆದು ಗೆದ್ದರು. ಮಾರ್ಷಲ್ ಬಗ್ಗೆ ಆ ರಾತ್ರಿ ಕೇಳಿದಾಗ, ತಮ್ಮ ಕ್ಷೇತ್ರದ ಮತದಾರರನ್ನು ತಾವು ಟೀಕಿಸುವುದಿಲ್ಲ, ಮಾರ್ಷಲ್ ಕೂಡ ಈಗ ತಮ್ಮ ಮತದಾರರು ಎಂದು ಉತ್ತರಿಸಿದರು. ಪ್ರತಿನಿಧಿ ಸಭೆಯಲ್ಲಿ ರಿಪಬ್ಲಿಕನ್ನರ ಬಲ 66ರಿಂದ 51ಕ್ಕೆ ಕುಸಿಯಿತು. ಅದೂ ಉಳಿದದ್ದು ಅದೃಷ್ಟದಿಂದ. ನ್ಯೂಪೋರ್ಟ್ ನ್ಯೂಸ್ ನಗರದ 94ನೇ ಕ್ಷೇತ್ರದಲ್ಲಿ ಡೇವಿಡ್ ಯಾನ್ಸಿ ಮತ್ತು ಶೆಲ್ಲಿ ಸೈಮಂಡ್ಸ್ ಇಬ್ಬರಿಗೂ 11,608 ಮತಗಳೇ ಬಿದ್ದಿದ್ದವು. 2018ರ ಜನವರಿ 4ರಂದು ಪಿಂಗಾಣಿ ಬಟ್ಟಲಿನಿಂದ ಚೀಟಿ ಎತ್ತಿದಾಗ ರಿಪಬ್ಲಿಕನ್ ಯಾನ್ಸಿ ಹೆಸರು ಬಂತು. ಬಹುಮತ ಇಷ್ಟು ತೆಳುವಾದ ಮೇಲೆ ಮೆಡಿಕೇಡ್ ವಿರೋಧ ಮೊದಲಿನಂತೆ ಗಟ್ಟಿಯಾಗಿ ಉಳಿಯಲಿಲ್ಲ.

2018ರ ಮೇ 30ರಂದು ವಿಸ್ತರಣೆ ಒಳಗೊಂಡ ಬಜೆಟ್ ಸೆನೆಟ್‌ನಲ್ಲಿ 23–17, ಪ್ರತಿನಿಧಿ ಸಭೆಯಲ್ಲಿ 67–31 ಮತಗಳಿಂದ ಗೆದ್ದಿತು. ರಿಪಬ್ಲಿಕನ್ ಸೆನೆಟರ್ ಬೆನ್ ಚಾಫಿನ್ ಅದರ ಪರ ನಿಂತದ್ದು ಗಮನಾರ್ಹ, ಏಕೆಂದರೆ ಅವರು ಗೆದ್ದು ಬಂದದ್ದು ಪಕೆಟ್ ಬಿಟ್ಟ ಅದೇ ಸ್ಥಾನಕ್ಕೆ. ಅವರದು ನೈಋತ್ಯ ಮೂಲೆಯ ಕಲ್ಲಿದ್ದಲು ಸೀಮೆ. ಅದೇ ಮೂಲೆಯ ಲೀ ಕೌಂಟಿಯ ಆಸ್ಪತ್ರೆ 2013ರಲ್ಲೇ ಬಾಗಿಲು ಹಾಕಿತ್ತು. ಗವರ್ನರ್ ರಾಲ್ಫ್ ನಾರ್ಥಮ್ ಜೂನ್ 7ರಂದು ಸಹಿ ಹಾಕಿದರು. ರಾಜ್ಯದ ಪಾಲಿನ ಹಣವನ್ನು ಖಾಸಗಿ ಆಸ್ಪತ್ರೆಗಳ ಮೇಲಿನ ಶುಲ್ಕದಿಂದ ತುಂಬಿಸಲಾಯಿತು. ರಾಜಿಯ ಭಾಗವಾಗಿ ಸೇರಿಸಿದ, ಫಲಾನುಭವಿಗಳು ಕೆಲಸ ಮಾಡಲೇಬೇಕೆಂಬ ಷರತ್ತು ಜಾರಿಗೇ ಬರಲಿಲ್ಲ. 2019ರ ಜನವರಿ 1ರಿಂದ ವಿಮೆ ಆರಂಭವಾಗಿ, 2020ರಲ್ಲಿ ನೋಂದಣಿ 4 ಲಕ್ಷ ದಾಟಿತು. ಅದೇ ವರ್ಷ ರೋಮ್ ಮಂಡಿಸಿದ ಮಸೂದೆಯೊಂದು ಕಾನೂನಾಗಿ, ಲಿಂಗತ್ವದ ಗುರುತಿನ ಕಾರಣಕ್ಕೆ ಆರೋಗ್ಯ ವಿಮಾ ಕಂಪನಿಗಳು ತಾರತಮ್ಯ ಮಾಡುವುದು ನಿಷಿದ್ಧವಾಯಿತು.

ರೋಮ್ 2019 ಮತ್ತು 2021ರಲ್ಲಿ ಮರುಆಯ್ಕೆಯಾದರು, 2023ರಲ್ಲಿ ಸೆನೆಟ್‌ಗೆ ಹೋದರು. ಅಷ್ಟರಲ್ಲಿ ಕ್ಷೇತ್ರದ ಉದ್ಯೋಗದ ಪ್ರಶ್ನೆ ರೂಪ ಬದಲಿಸಿತ್ತು. ಉತ್ತರ ವರ್ಜೀನಿಯಾ ಜಗತ್ತಿನಲ್ಲೇ ಡೇಟಾ ಸೆಂಟರ್‌ಗಳು ಅತಿ ಹೆಚ್ಚು ಸೇರಿರುವ ಪ್ರದೇಶವಾಗಿ ಬೆಳೆದು, ಅವುಗಳ ತೆರಿಗೆ ಕೌಂಟಿಗಳ ಶಾಲಾ ಬಜೆಟ್‌ಗಳಿಗೆ ದೊಡ್ಡ ಆಸರೆಯಾಯಿತು. ಕಟ್ಟುವಾಗ ಸಾವಿರಾರು ಜನರಿಗೆ ಕೆಲಸ ಕೊಡುವ ಈ ಕಟ್ಟಡಗಳು ನಡೆಯತೊಡಗಿದ ಮೇಲೆ ಕೆಲವೇ ಜನರನ್ನು ಇಟ್ಟುಕೊಳ್ಳುತ್ತವೆ. ವಿದ್ಯುತ್ತಿನ ಬೇಡಿಕೆ ಮಾತ್ರ ಅಪಾರ. ಮನಾಸಸ್ ರಾಷ್ಟ್ರೀಯ ಯುದ್ಧಭೂಮಿ ಉದ್ಯಾನದ ಪಕ್ಕದಲ್ಲಿ ಬೃಹತ್ ಡೇಟಾ ಸೆಂಟರ್ ಸಂಕೀರ್ಣ ಕಟ್ಟುವ ಯೋಜನೆಯನ್ನು ರೋಮ್ ವಿರೋಧಿಸಿದರು. ಅವರ ವಿರೋಧದ ನಡುವೆಯೂ ಕೌಂಟಿ ಮಂಡಳಿ 2023ರ ಡಿಸೆಂಬರ್‌ನಲ್ಲಿ ಅದಕ್ಕೆ ಬೇಕಾದ ಭೂಬಳಕೆ ಬದಲಾವಣೆಗೆ ಒಪ್ಪಿಗೆ ಕೊಟ್ಟಿತು.